ಕಚ್ಕೊಂಡ ಪಾತ್ರೆ ಡೆಂಟಿಲ್ಲದೆ ಬಿಡಿಸಿದ್ದು: ನನ್ನ ಅನುಭವ

ಒಂದರೊಳಗೊಂದು ಕಚ್ಕೊಂಡ ಸ್ಟೀಲ್ ಪಾತ್ರೆನ ಬಡಿಯದೆ, ಮೀಟದೆ, ಒಂದು ಡೆಂಟೂ ಬೀಳದ ಹಾಗೆ ಬಿಡಿಸ್ಬಹುದು ಅಂತ ನಾನು ಹೇಳಿದಾಗ ಮನೇಲಿ ಒಬ್ರೂ ನಂಬ್ಲಿಲ್ಲ. ಈಗ ನೆಂಟರಿಷ್ಟರಲ್ಲಿ ಯಾರ ಮನೇಲಿ ಪಾತ್ರೆ ಸಿಕ್ಕಾಕೊಂಡ್ರೂ ಮೊದಲು ನಂಗೇ ಫೋನ್ ಬರೋದು, ಅದಕ್ಕೆ ಒಂದ್ಸಲ ಬರೆದೇ ಬಿಡೋಣ ಅಂತ ಕೂತೆ. ಒಳಗೆ ಐಸು ಹೊರಗೆ ಬಿಸಿನೀರು ಹಾಕಿದ್ರೆ ಒಳಗಿನದು ಕುಗ್ಗಿ ಹೊರಗಿನದು ಹಿಗ್ಗುತ್ತೆ, ಇದು ನಿಮಗೆಲ್ಲ ಗೊತ್ತಿರೋದೇ. ಮಾಡಿ ನೋಡಿ ಆಗ್ಲಿಲ್ಲ ಅಂತ ಬಿಟ್ಟವರೂ ಬೇಕಾದಷ್ಟು ಜನ ಇದ್ದೀರಿ, ಅವರಿಗೋಸ್ಕರಾನೇ ಇದು.

ನಮ್ಮನೇಲಿ ಸಿಕ್ಕಾಕೊಂಡಿದ್ದು ಸ್ವಲ್ಪ ದಪ್ಪ ತಳದ ದೊಡ್ಡ ಪಾತ್ರೆ, ಒಳಗೆ ಅದಕ್ಕಿಂತ ಒಂದು ಸೈಜು ಚಿಕ್ಕದು. ಬಿಸಿನೀರಲ್ಲಿ ತೊಳೆದು ಒದ್ದೆ ಇರೋವಾಗ್ಲೇ ಒಂದರೊಳಗೊಂದು ಇಟ್ಟಿದ್ದು, ಬೆಳಗ್ಗೆ ನೋಡಿದ್ರೆ ಕಲ್ಲಾಗಿ ಕೂತಿದೆ. ಇಂಥ ಪಾತ್ರೆ ಮನೇಲಿದ್ರೆ ಒಂದು ಮಜಾ ನೋಡಿ, ಬಂದವರ ಕೈಗೆಲ್ಲ ಅದು ಹೋಗುತ್ತೆ, ಬಂದವರು ಅದನ್ನ ತಿರುಗಿಸಿ ನೋಡ್ತಾರೆ, ಇದೇನು ಮಹಾ ಅಂತಾರೆ, ಎಳೆದು ಎಳೆದು ಮುಖ ಕೆಂಪಾದ್ಮೇಲೆ ಕೆಳಗಿಟ್ಟು ‘ಇದು ಬರಲ್ಲ ಬಿಡಿ’ ಅಂತ ತೀರ್ಪು ಕೊಟ್ಟು ಹೋಗ್ತಾರೆ. ನಮ್ಮ ಭಾವ ಅಂತೂ ಎರಡು ಮಂಡಿ ಮಧ್ಯೆ ಹಿಡ್ಕೊಂಡು ಎಳೆದ್ರು. ಒಬ್ರು ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಡಿ ಅಂದ್ರು, ಇಟ್ವಿ, ಬೆಳಗ್ಗೆ ಒಳಗಿನ ಪಾತ್ರೆ ಗಿರಗಿರ ಅಂತ ಸುತ್ತುತ್ತೆ, ಮೇಲಕ್ಕೆ ಮಾತ್ರ ಒಂದು ಕೂದಲೆಳೆ ಬರಲ್ಲ. ಮರದ ಸೌಟಲ್ಲಿ ಸುತ್ತ ಬಡಿದಿದ್ರಿಂದ ಆಗಿದ್ದು ಹೊರಗಿನದರ ಬಾಯಿ ಸ್ವಲ್ಪ ಮೊಟ್ಟೆಯಾಕಾರ, ಆಮೇಲೆ ಎರಡು ಕಡೆ ಇನ್ನೂ ಬಿಗಿಯಾಗಿ ಹಿಡೀತು. ತುಕ್ಕು ಬಿಡಿಸೋ ಸ್ಪ್ರೇ ತರ್ತೀನಿ ಅಂದ್ರು ಇನ್ನೊಬ್ರು, ಆ ಡಬ್ಬಿ ದುಡ್ಡಿಗೆ ಚಿಕ್ಕ ಪಾತ್ರೆ ಹೊಸದೇ ಬರುತ್ತೆ, ಅಲ್ಲದೆ ತಿನ್ನೋ ಪಾತ್ರೆಗೆ ಆ ವಾಸನೆ ಯಾಕೆ? ಡೆಂಟ್ ತೆಗೆಸೋಣ ಅಂದ್ರೆ ಅದಕ್ಕೂ ಹೊಸ ಪಾತ್ರೆಯ ಹತ್ತಿರಹತ್ತಿರ ಅರ್ಧ ದುಡ್ಡು ಹೋಗುತ್ತೆ. ಐಸಿಗೆ, ನೀರಿಗೆ ಖರ್ಚು ಸೊನ್ನೆ.

ಒಂದು ಸಲಹೆ ಮಾತ್ರ ನಾನು ಕೈ ಅಡ್ಡ ಇಟ್ಟು ತಡೆದೆ, ಜೋಡಿನ ಹಾಗೇ ಒಲೆ ಮೇಲಿಡೋದು. ಮಧ್ಯೆ ಸಿಕ್ಕಾಕೊಂಡಿರೋ ನೀರು ಆವಿಯಾದ್ರೆ ಸುಮಾರು 1600 ಪಟ್ಟು ಜಾಗ ಕೇಳುತ್ತೆ, ಒಳಗಿನ ಪಾತ್ರೆ ಯಾರ ಮುಖಕ್ಕೆ ಹಾರುತ್ತೋ ಹೇಳಕ್ಕಾಗಲ್ಲ. ದಯವಿಟ್ಟು ಯಾರೂ ಮಾಡ್ಬೇಡಿ.

ಈಗ ಮುಖ್ಯ ವಿಷಯ. ಕಚ್ಕೊಳ್ಳೋದ್ರಲ್ಲಿ ಎರಡು ಜಾತಿ ಇದೆ, ಇದನ್ನ ಯಾರೂ ನೋಡಲ್ಲ. ಒಳಗಿನ ಪಾತ್ರೆ ಸುತ್ತುತ್ತೆ ಆದ್ರೆ ಏಳಲ್ಲ ಅಂದ್ರೆ ಹಿಡಿದಿರೋದು ಗಾಳಿ. ಸುತ್ತೋದೂ ಇಲ್ಲ ಏಳೋದೂ ಇಲ್ಲ ಅಂದ್ರೆ ಲೋಹಕ್ಕೆ ಲೋಹ ಕಚ್ಚಿದೆ. ಮೊದಲನೇ ಜಾತಿಲಿ, ಬಿಸಿಯಾಗಿ ಒಳಗೆ ಸೇರಿದ ಗಾಳಿ ತಣ್ಣಗಾಗಿ ಕುಗ್ಗಿದಾಗ ಒಳಗಿನದನ್ನ ಕೆಳಕ್ಕೆ ಎಳ್ಕೊಳ್ಳುತ್ತೆ, ಸಂದಿಯಲ್ಲಿರೋ ನೀರೇ ಸೀಲು. 15 ಸೆಂಟಿಮೀಟರ್ ಅಗಲದ ತಳ ಅಂದ್ಕೊಳ್ಳಿ, ಒಳಗಿನ ಒತ್ತಡ ಬರೀ ಐದು ಪರ್ಸೆಂಟ್ ಕಮ್ಮಿಯಾದ್ರೂ ಎಂಟೊಂಬತ್ತು ಕೆಜಿ ಭಾರ ಮೇಲೆ ಕೂತಂಗೆ. ಎಣ್ಣೆ ಬಿಟ್ರೆ ಆ ಸೀಲು ಇನ್ನೂ ಗಟ್ಟಿ ಆಗುತ್ತೆ ಅಷ್ಟೇ. ಈ ಜಾತಿಗೆ ಐಸು ಹಾಕಲೇಬಾರದು, ಒಳಗಿನ ಗಾಳಿನ ಇನ್ನೂ ಕುಗ್ಗಿಸಿ ನಮ್ಮ ಕೆಲಸಕ್ಕೇ ಅಡ್ಡ ಬರುತ್ತೆ. ಬರೀ ಬಿಸಿನೀರಲ್ಲಿ ತಳ ಮುಳುಗೋ ಹಾಗೆ ಕೂರಿಸಿ, ಒಂದೆರಡು ನಿಮಿಷದಲ್ಲಿ ಟುಪ್ ಅಂತ ತಾನೇ ಒಂದಿಷ್ಟು ಮೇಲೆ ಬರುತ್ತೆ, ಆಗ ಎತ್ತಿ. ಆ ಶಬ್ದ ಕೇಳಿದ ದಿನ ನನಗಾದ ಖುಷಿ ಹೇಳತೀರದು, ಅಡುಗೆಮನೆಯಿಂದಾನೇ ಎಲ್ಲರನ್ನೂ ಕೂಗಿ ಕರೆದೆ.

ಐಸು ಬೇಕಾಗೋದು ಎರಡನೇ ಜಾತಿಗೆ. ಇಲ್ಲಿ ಐಸ್ ತುಂಡು ಮಾತ್ರ ಹಾಕಿದ್ರೆ ಪ್ರಯೋಜನ ಇಲ್ಲ, ಅವು ಗೋಡೆಗೆ ಅಲ್ಲಲ್ಲಿ ತಾಗ್ತವೆ ಅಷ್ಟೆ, ಐಸು ನೀರು ಎರಡೂ ಸೇರಿ ಕಚ್ಚಿರೋ ಗೆರೆಯಷ್ಟು ಎತ್ತರಕ್ಕೆ ಇರ್ಬೇಕು. ಹೊರಗಿನ ಬಿಸಿನೀರೂ ಅದೇ ಗೆರೆವರೆಗೆ ಬರ್ಬೇಕು. ತುಂಬಾ ಜನ ತಳಕ್ಕೆ ಮಾತ್ರ ಬಿಸಿ ಕೊಟ್ಟು ಬಾಯಿ ಹತ್ರ ತಣ್ಣಗೇ ಬಿಟ್ಟಿರ್ತಾರೆ, ಅದಕ್ಕೇ ಬಿಡಲ್ಲ. ಮೊದಲು ಒಳಗೆ ಐಸು ಹಾಕಿ ಹತ್ತು ನಿಮಿಷ ಬಿಡಿ, ಆಮೇಲೆ ಕುದಿಸಿ ಇಳಿಸಿದ ನೀರಿಗೆ ಇಳಿಸಿ. ಇಳಿಸಿದ ಅರ್ಧ ನಿಮಿಷದೊಳಗೆ ಎತ್ಬೇಕು, ತಡ ಆದ್ರೆ ಒಳಗಿನದಕ್ಕೂ ಬಿಸಿ ಹತ್ತಿ ಮೊದಲಿನಂತೇ. ಸ್ಟೀಲು ಡಿಗ್ರಿಗೆ ಹಿಗ್ಗೋದು ಹತ್ತು ಲಕ್ಷದಲ್ಲಿ ಸುಮಾರು 17 ಪಾಲು, ಅಂದ್ರೆ 20 ಸೆಂಟಿಮೀಟರ್ ಬಾಯಿಗೆ 60 ಡಿಗ್ರಿ ವ್ಯತ್ಯಾಸ ಸಿಕ್ಕಿದ್ರೆ 0.2 ಮಿಲಿಮೀಟರ್ ಸಡಿಲ. ಇಷ್ಟೇನಾ ಅಂತ ಭಾವ ನಕ್ಕಿದ್ರು, ಆದ್ರೆ ಕಚ್ಚಿರೋದೂ ಅಷ್ಟೇ ಅಲ್ವಾ. ಐಸಿಗೆ ಒಂದು ಹಿಡಿ ಉಪ್ಪು ಸೇರಿಸಿದ್ರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಕ್ಕೆ ಆರಾಮಾಗಿ ಹೋಗುತ್ತೆ, ಸೌಟಲ್ಲಿ ಬಡಿದ್ಮೇಲೆ ಈ ಎರಡನೇ ಜಾತಿಗೆ ಸೇರಿದ್ದ ನಮ್ಮ ಜೋಡಿ ಬಿಟ್ಟಿದ್ದು ಹಾಗೇನೇ, ಬಾಯಿ ಮೊಟ್ಟೆಯಾಕಾರ ಆಗಿದ್ದೂ ಅಡ್ಡ ಬರ್ಲಿಲ್ಲ.

ಎತ್ತೋವಾಗ ಕೈ ಹೇಗಿಡ್ಬೇಕು, ಯಾವ ಕಡೆಯಿಂದ ಮೊದಲು ಸಡಿಲಿಸ್ಬೇಕು ಅನ್ನೋದ್ರಲ್ಲಿ ನಂದೊಂದು ಕೈಚಳಕ ಇದೆ, ಅದನ್ನ ಇಲ್ಲಿ ಬರೆಯಲ್ಲ, ಮನೆಗೆ ಬಂದ್ರೆ ತೋರಿಸ್ತೀನಿ. ನೇರ ಎಳೀಬೇಡಿ ಅಂತ ಮಾತ್ರ ಹೇಳ್ಬಲ್ಲೆ.

ಇದಾದ್ಮೇಲೆ ನಂಗೆ ಹುಚ್ಚೇ ಹಿಡೀತು, ಮನೇಲಿರೋದನ್ನೆಲ್ಲ ಬೇಕಂತಾನೇ ಸಿಕ್ಕಿಸಿ ಬಿಡಿಸಿದೆ. ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತೆ, ಸುಮಾರು 23 ಪಾಲು. ಹಾಗಾಗಿ ಹೊರಗೆ ಅಲ್ಯೂಮಿನಿಯಂ ಒಳಗೆ ಸ್ಟೀಲು ಇದ್ರೆ ಐಸೇ ಬೇಡ, ಜೋಡಿನ ಬಿಸಿನೀರಿಗೆ ಹಾಕಿದ್ರೆ ಸಡಿಲ ಆಗುತ್ತೆ. ಉಲ್ಟಾ ಇದ್ರೆ ಬಿಸಿ ಮಾಡಿದಷ್ಟೂ ಬಿಗಿ, ಅದನ್ನ ಫ್ರೀಜರಿಗೆ ಹಾಕಿ. ಎರಡೂ ಅಲ್ಯೂಮಿನಿಯಂ ಆದ್ರೆ ಸಿಗೋದು ಕೆಲವೇ ಸೆಕೆಂಡು, ಅದು ಶಾಖನ ಸ್ಟೀಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಬೇಗ ದಾಟಿಸುತ್ತೆ. ಗಾಜಿನ ಲೋಟದಲ್ಲಿ ಸ್ಟೀಲ್ ಲೋಟ ಸಿಕ್ಕಾಕೊಂಡ್ರೆ ಫ್ರಿಜ್ಜಲ್ಲಿ ಸುಮ್ನೆ ಇಡಿ, ಸ್ಟೀಲು ಗಾಜಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಕುಗ್ಗುತ್ತೆ. ಗಾಜಿಗೆ ಗಾಜು ಆದ್ರೆ ಒಳಗೆ ತಣ್ಣೀರು, ಹೊರಗೆ ಉಗುರುಬೆಚ್ಚಗಿನ ನೀರು, ಅದಕ್ಕಿಂತ ಮುಂದೆ ಹೋಗ್ಬೇಡಿ, ಒಮ್ಮೆಲೇ ಬಿಸಿ ತಗುಲಿದ್ರೆ ಗಾಜು ಟಣ್ ಅಂತ ಸೀಳುತ್ತೆ. ಪ್ಲಾಸ್ಟಿಕ್ ಬಕೆಟ್ಟುಗಳದ್ದು ಬಹುತೇಕ ಗಾಳಿ ಕೇಸೇ, ಸಂದಿಗೆ ಪೈಪಿಂದ ನೀರು ಬಿಟ್ರೆ ನೀರೇ ಒಳಗಿನದನ್ನ ಎತ್ತಿಕೊಡುತ್ತೆ. ಬಾಟಲಿಯ ಲೋಹದ ಮುಚ್ಚಳದ್ದು ಮಾತ್ರ ಮತ್ತೆ ಹಿಗ್ಗೋ ಲೆಕ್ಕಾನೇ, ಬರೀ ಮುಚ್ಚಳದ ಮೇಲೆ ಬಿಸಿನೀರು ಬಿಡಿ.

ಒಳಗಡೆಗೆ ಡೆಂಟ್ ಬಿದ್ದು ಕೊಕ್ಕೆ ಥರ ಹಿಡಿದಿರೋ ತೆಳು ಪಾತ್ರೆಗೆ ಈ 0.2 ಮಿಲಿಮೀಟರ್ ಸಾಲಲ್ಲ, ಅದನ್ನ ನಾನು ಕೈಗೇ ತಗೊಳಲ್ಲ. ಮತ್ತೆ ಉಪ್ಪು ಹಾಕಿದ್ರೆ ಬಿಡಿಸಿದ ತಕ್ಷಣ ಚೆನ್ನಾಗಿ ತೊಳೆದು ಒರೆಸಿಡಿ, ಸ್ಟೀಲಾದ್ರೂ ಉಪ್ಪುನೀರು ನಿಂತ ಕಡೆ ಸಣ್ಣಸಣ್ಣ ಗುಳಿ ಬೀಳ್ತವೆ.