ಸ್ವಂತ ಕರ್ನೆಲ್ ಮಾಡ್ಯೂಲಿನಿಂದ ಕಂಪ್ಯೂಟರಿನ ಸ್ಪೀಕರನ್ನು ನುಡಿಸುವ ಬಗೆ

ಮೈಸೂರು ಮತ್ತು ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಕಲಿಯುವವರ ಮೊದಲ ಲಿನಕ್ಸ್ ಮಾಡ್ಯೂಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿಗೆ ಚಾಲನೆಯಲ್ಲೇ ಸೇರಿಸುವ ಕೋಡು, ಸಾಮಾನ್ಯವಾಗಿ ಕರ್ನೆಲ್ಲಿನ ಲಾಗ್ ದಾಖಲೆಯಲ್ಲಿ ಒಂದು ಸಾಲು ಬರೆದು ಮುಗಿಯುತ್ತದೆ. ಅದರ ನಂತರ ಹಾರ್ಡ್‌ವೇರನ್ನು ನೇರವಾಗಿ ಮುಟ್ಟಬೇಕೆಂದು ಬಯಸುವವರಿಗೆ ಮದರ್‌ಬೋರ್ಡಿನ ಬೀಪ್ ಸ್ಪೀಕರಿಗಿಂತ ಒಳ್ಳೆಯ ಸಾಧನ ಬೇರೆ ಇಲ್ಲವೆಂಬುದು ನನ್ನ ಅಭಿಪ್ರಾಯ. ಬರೆಯಬೇಕಾದ ಸಾಲುಗಳು ಕಡಿಮೆ, ಫಲಿತಾಂಶ ಕಿವಿಗೇ ಕೇಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಇತರರೂ ಬಳಸುತ್ತಿರುವ ಚಿಪ್ಪನ್ನು ಅವರಿಗೆ ತೊಂದರೆಯಾಗದಂತೆ ಬಳಸುವುದು ಹೇಗೆಂಬ ಪಾಠ ಇದರಲ್ಲಿ ಪೂರ್ತಿಯಾಗಿ ಅಡಗಿದೆ.

ಮೊದಲು ಯಂತ್ರವನ್ನು ಆರಿಸಿಕೊಳ್ಳಬೇಕು. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ಡೆಸ್ಕ್‌ಟಾಪ್ ಸೂಕ್ತ. ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಈ ಸ್ಪೀಕರನ್ನು ನುಡಿಸುವ ಟೈಮರ್ ಚಿಪ್ ಇಲ್ಲ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರತ್ಯೇಕ ಸ್ಪೀಕರ್ ಇರುವುದಿಲ್ಲ. ಅಸೆಂಬಲ್ ಮಾಡಿದ ಕ್ಯಾಬಿನೆಟ್ಟುಗಳಲ್ಲೂ ಎಷ್ಟೋ ಸಲ ಬಜರ್ ಬಂದಿರುವುದಿಲ್ಲ. ಹಾಗಿದ್ದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಮದರ್‌ಬೋರ್ಡ್ ಸ್ಪೀಕರ್ ಎಂದು ಕೇಳಿ ತಂದು, ವಿದ್ಯುತ್ ತೆಗೆದ ಮೇಲೆ, ಬೋರ್ಡಿನ ಮೇಲೆ ಸ್ಪೀಕರ್ ಎಂದು ಗುರುತಿಸಿರುವ ಪಿನ್ನುಗಳಿಗೆ ಸಿಕ್ಕಿಸಬೇಕು.

ಶಬ್ದ ಹುಟ್ಟುವ ಕ್ರಮ ಹೀಗಿದೆ. ಇಂಟೆಲ್ 8253 ಮತ್ತು ಅದರ ನಂತರದ 8254 ಟೈಮರ್‌ಗಳಲ್ಲಿ 3 ಚಾನಲ್‌ಗಳಿದ್ದು, ಸೊನ್ನೆಯಿಂದ ಎಣಿಸಿದಾಗ ಅವುಗಳಲ್ಲಿ 2ನೇ ಸಂಖ್ಯೆಯದು ಸ್ಪೀಕರಿಗೆ ಮೀಸಲು. ಇಂದಿನ ಕಂಪ್ಯೂಟರುಗಳಲ್ಲಿ ಈ ಟೈಮರ್ ಚಿಪ್‌ಸೆಟ್ಟಿನೊಳಗೇ ಸೇರಿಹೋಗಿದೆ. ಇದರ ಮೂಲ ಗಡಿಯಾರ ಸೆಕೆಂಡಿಗೆ 1193182 ಸಲ ಮಿಡಿಯುತ್ತದೆ. ನಮಗೆ ಬೇಕಾದ ಆವರ್ತನದಿಂದ ಈ ಸಂಖ್ಯೆಯನ್ನು ಭಾಗಿಸಿ ಬಂದ ಪೂರ್ಣಾಂಕವನ್ನು (ಇದನ್ನೇ ಮುಂದೆ ಭಾಜಕ ಎನ್ನುತ್ತೇನೆ) ಚಾನಲಿಗೆ ಕೊಟ್ಟರೆ ಅದೇ ಆವರ್ತನದ ಚೌಕ ಅಲೆ ಹೊರಬರುತ್ತದೆ. 240 ಹರ್ಟ್ಸನ್ನು ಷಡ್ಜವೆಂದು ಹಿಡಿದರೆ ಭಾಜಕ 4971, ಪಂಚಮ ಅದರ ಒಂದೂವರೆ ಪಟ್ಟಾದ 360 ಹರ್ಟ್ಸ್ ಆದ್ದರಿಂದ ಭಾಜಕ 3314, ತಾರಷಡ್ಜಕ್ಕೆ 2485. ಮೈಸೂರಿನಲ್ಲಿ ವೀಣೆಯನ್ನೂ ಕೋಡಿಂಗನ್ನೂ ಜೊತೆಗೇ ಕಲಿಯುತ್ತಿರುವ ಮಕ್ಕಳಿದ್ದಾರೆ. ಸ್ವರ ಏರಿದಂತೆ ಭಾಜಕ ಇಳಿಯುತ್ತದೆಂಬುದು ಅವರಿಗೆ ಈ 3 ಸಂಖ್ಯೆಗಳಿಂದಲೇ ಮನದಟ್ಟಾಗುತ್ತದೆ. ಭಾಜಕ 16 ಬಿಟ್‌ಗಳಿಗೆ ಸೀಮಿತವಾದುದರಿಂದ ಸುಮಾರು 18.2 ಹರ್ಟ್ಸ್‌ಗಿಂತ ತಗ್ಗಿನ ಸ್ವರ ಸಾಧ್ಯವಿಲ್ಲ. ಬಳಕೆದಾರರು ಸೊನ್ನೆ ಕೊಟ್ಟರೆ ಕರ್ನೆಲ್ಲಿನೊಳಗೇ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ; ಆದ್ದರಿಂದ 20ರಿಂದ 20000ದವರೆಗಿನ ಸಂಖ್ಯೆಯನ್ನು ಮಾತ್ರ ಒಪ್ಪಿ, ಉಳಿದದ್ದಕ್ಕೆ ದೋಷಸಂಖ್ಯೆಯನ್ನು ಹಿಂದಿರುಗಿಸುವ ಪರೀಕ್ಷೆಯನ್ನು ಎಲ್ಲಕ್ಕೂ ಮೊದಲು ಬರೆಯಿರಿ.

ಇನ್ನು ಮಾಡ್ಯೂಲಿನ ಆರಂಭದ ಫಂಕ್ಷನ್. ಅದರಲ್ಲಿ ಒಂದು ಬೈಟನ್ನು ಬರೆಯುವ ಔಟ್‌ಬಿ ಬಳಸಿ, ಹೆಕ್ಸ್ (16ರ ಆಧಾರದ ಸಂಖ್ಯೆ) 43 ಎಂಬ ಪೋರ್ಟಿಗೆ, ಅಂದರೆ ಹಾರ್ಡ್‌ವೇರಿನ ವಿಳಾಸಕ್ಕೆ, ಹೆಕ್ಸ್ ಬಿ6 ಎಂಬ ಆಜ್ಞೆಯನ್ನು ಕಳುಹಿಸಬೇಕು. ಇದನ್ನು ಬಿಟ್‌ಗಳಾಗಿ ಬಿಡಿಸಿದರೆ 10, 11, 011, 0 ಎಂದಾಗುತ್ತದೆ: 2ನೇ ಚಾನಲ್, ಕೆಳ ಬೈಟ್ ಮೊದಲು ಮೇಲಿನ ಬೈಟ್ ನಂತರ, 3ನೇ ವಿಧಾನವಾದ ಚೌಕ ಅಲೆ, ದ್ವಿಮಾನ ಎಣಿಕೆ. ಬಳಿಕ ಭಾಜಕದ ಕೆಳ ಬೈಟನ್ನೂ ಮೇಲಿನ ಬೈಟನ್ನೂ ಇದೇ ಕ್ರಮದಲ್ಲಿ ಹೆಕ್ಸ್ 42ಕ್ಕೆ ಬರೆಯಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗುವುದು ಹೆಕ್ಸ್ 61 ಎಂಬ ಪೋರ್ಟಿನಲ್ಲಿ. ಇದರ ಕೊನೆಯ 2 ಬಿಟ್‌ಗಳು ಮಾತ್ರ ನಮ್ಮವು: ಒಂದು ಟೈಮರಿನ ಗೇಟನ್ನು ತೆರೆಯುತ್ತದೆ, ಇನ್ನೊಂದು ಅದರ ಅಲೆಯನ್ನು ಸ್ಪೀಕರಿಗೆ ಬಿಡುತ್ತದೆ. ಉಳಿದ ಬಿಟ್‌ಗಳಲ್ಲಿ ಮೆಮೊರಿಯ ಪ್ಯಾರಿಟಿ ತಪಾಸಣೆಯಂಥ ಬೇರೆ ವಿಷಯಗಳಿವೆ. ಆದ್ದರಿಂದ ನೇರವಾಗಿ 3 ಎಂದು ಬರೆಯಕೂಡದು. ಇನ್‌ಬಿ ಮೂಲಕ ಇರುವ ಬೆಲೆಯನ್ನು ಓದಿ, ಅದಕ್ಕೆ 3ನ್ನು ಬಿಟ್‌ವಾರು ಆರ್ (OR) ಮಾಡಿ ಮರಳಿ ಬರೆಯಬೇಕು. ನಿಲ್ಲಿಸುವಾಗ ಅದೇ ರೀತಿ ಓದಿ, ಹೆಕ್ಸ್ ಎಫ್‌ಸಿ ಜೊತೆ ಆಂಡ್ (AND) ಮಾಡಿ ಮರಳಿ ಬರೆಯಬೇಕು.

ಈ ಟೈಮರನ್ನು ಕರ್ನೆಲ್ಲಿನ ಇತರ ಭಾಗಗಳೂ ಬಳಸುವುದರಿಂದ ಐ8253_ಲಾಕ್ ಎಂಬ ಸ್ಪಿನ್‌ಲಾಕನ್ನು, ಅಂದರೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಸಿಗುವ ಬೀಗವನ್ನು, ಕರ್ನೆಲ್ ಮೊದಲೇ ಒದಗಿಸಿದೆ. ಪೋರ್ಟುಗಳನ್ನು ಮುಟ್ಟುವ ಮೊದಲು ಇಂಟರಪ್ಟ್‌ಗಳನ್ನು ತಡೆದು ಆ ಲಾಕನ್ನು ಹಿಡಿಯಿರಿ, ಬರೆದು ಮುಗಿದ ಕೂಡಲೇ ಬಿಡಿ. ಲಾಕನ್ನು ಹಿಡಿದುಕೊಂಡೇ, ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಕಾಯಿಸುವ ಎಂಸ್ಲೀಪ್ ಕರೆಯುವುದು ಗಂಭೀರ ತಪ್ಪು. ಅದರಿಂದ ಇಡೀ ಯಂತ್ರವೇ ಸ್ತಬ್ಧವಾಗಬಹುದು. ಶಬ್ದವನ್ನು ಆರಂಭಿಸಿ ಲಾಕ್ ಬಿಟ್ಟು, 300 ಮಿಲಿಸೆಕೆಂಡ್ ಕಾದು, ಮತ್ತೆ ಲಾಕ್ ಹಿಡಿದು ಶಬ್ದವನ್ನು ನಿಲ್ಲಿಸುವುದು ಸರಿಯಾದ ಕ್ರಮ.

ಕಂಪೈಲ್ ಮಾಡಲು ಚಾಲನೆಯಲ್ಲಿರುವ ಕರ್ನೆಲ್ಲಿನ ಹೆಡರ್ ಪ್ಯಾಕೇಜ್ ಬೇಕು. ಮೇಕ್‌ಫೈಲಿನಲ್ಲಿ ಆಬ್ಜ್-ಎಂ ಸಾಲಿಗೆ ನಿಮ್ಮ ಕಡತದ ಹೆಸರನ್ನು ಸೇರಿಸಿ, ಕಡತದಲ್ಲಿ ಜಿಪಿಎಲ್ ಪರವಾನಗಿಯ ಸಾಲನ್ನು ಬರೆಯಿರಿ. ಪಿಸಿಎಸ್‌ಪಿಕೆಆರ್ ಎಂಬ ಕರ್ನೆಲ್ಲಿನದೇ ಡ್ರೈವರ್ ಲೋಡ್ ಆಗಿದ್ದರೆ ಮೊದಲು ಅದನ್ನು ತೆಗೆಯಿರಿ. ಇಲ್ಲವಾದರೆ ಟರ್ಮಿನಲ್ಲಿನ ಒಂದು ಬೀಪ್ ನಿಮ್ಮ ಸ್ವರವನ್ನು ನಡುವೆಯೇ ನಿಲ್ಲಿಸೀತು. ಮಾಡ್ಯೂಲನ್ನು ಲೋಡ್ ಮಾಡುವ ಇನ್ಸ್‌ಮಾಡ್ ಆಜ್ಞೆ ನಿರಾಕರಿಸಿದರೆ ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಚಾಲೂ ಇದೆಯೇ ನೋಡಿ, ಏಕೆಂದರೆ ಆಗ ಸಹಿಯಿಲ್ಲದ ಮಾಡ್ಯೂಲುಗಳನ್ನು ಹಲವು ವಿತರಣೆಗಳು ಒಪ್ಪುವುದಿಲ್ಲ. ಲ್ಯಾಬಿನ ಸಾಮೂಹಿಕ ಯಂತ್ರಗಳಲ್ಲಿ ಇದನ್ನು ಪ್ರಯೋಗಿಸುವ ಬದಲು ಕ್ಯೂಎಂಯುವಿನಂಥ ವರ್ಚುವಲ್ ಯಂತ್ರದಲ್ಲಿ ಆರಂಭಿಸುವುದು ಕ್ಷೇಮ. ಅದು ಈ ಸ್ಪೀಕರನ್ನೂ ಅನುಕರಿಸುತ್ತದೆ, ಆದರೆ ಆಡಿಯೊ ಸಾಧನವನ್ನು ಅದಕ್ಕೆ ಜೋಡಿಸಿ ಚಾಲನೆ ಮಾಡಬೇಕು.

ಇನ್ಸ್‌ಮಾಡ್ ಕಾಯದೆ ಕೂಡಲೇ ಮರಳಬೇಕೆಂದಿದ್ದರೆ, ಶಬ್ದವನ್ನು ನಿಲ್ಲಿಸುವ ಕೆಲಸವನ್ನು, ನಿಗದಿತ ಸಮಯದ ನಂತರ ಕರ್ನೆಲ್ಲೇ ನಡೆಸುವ ಡಿಲೇಡ್ ವರ್ಕ್ ಮೂಲಕ ಮುಂದಕ್ಕೆ ಹಾಕಬಹುದು. ಆಗ ನಿರ್ಗಮನ ಫಂಕ್ಷನ್ನಿನಲ್ಲಿ ಮೊದಲು ಆ ಕೆಲಸವನ್ನು ಸಿಂಕ್ ರೂಪದಲ್ಲಿ (ಅದು ನಡೆಯುತ್ತಿದ್ದರೆ ಮುಗಿಯುವವರೆಗೆ ಕಾದು) ರದ್ದುಮಾಡಿ, ಅನಂತರ ಹೆಕ್ಸ್ 61ರ ಆ 2 ಬಿಟ್‌ಗಳನ್ನು ಅಳಿಸಬೇಕು. ರದ್ದುಮಾಡದೆ ಮಾಡ್ಯೂಲನ್ನು ತೆಗೆದರೆ ಮೆಮೊರಿಯಲ್ಲಿ ಇಲ್ಲದ ಫಂಕ್ಷನ್ನನ್ನು ಕರ್ನೆಲ್ ಕರೆದು ಕುಸಿಯಬಹುದು. ಬಿಟ್‌ಗಳನ್ನು ಅಳಿಸದಿದ್ದರೆ ಮಾಡ್ಯೂಲ್ ಹೋದ ಮೇಲೂ ಸ್ಪೀಕರ್ ಕೂಗುತ್ತಲೇ ಇರುತ್ತದೆ.