ಫಿಸಿಯೋಥೆರಪಿಯಲ್ಲಿ ಅಲ್ಟ್ರಾಸೌಂಡ್: ಅದು ಕೆಲಸ ಮಾಡುವ ಬಗೆ, ಕೊಡಬೇಕಾದ ಕ್ರಮ

ಫಿಸಿಯೋಥೆರಪಿ ವಿಭಾಗಕ್ಕೆ ಬರುವ ಬಹುಪಾಲು ರೋಗಿಗಳ ಪಾಲಿಗೆ ಅಲ್ಲಿರುವ ಯಂತ್ರಗಳೆಲ್ಲವೂ ‘ಕರೆಂಟ್ ಕೊಡುವ’ ಯಂತ್ರಗಳೇ. ಅಲ್ಟ್ರಾಸೌಂಡನ್ನೂ ಅವರು ಅದೇ ಗುಂಪಿಗೆ ಸೇರಿಸುತ್ತಾರೆ. ಆದರೆ ಇದರಲ್ಲಿ ದೇಹದೊಳಕ್ಕೆ ಹೋಗುವುದು ವಿದ್ಯುತ್ತಲ್ಲ, ಶಬ್ದ. ಇನ್ನು ಕೆಲವರು ಹೊಟ್ಟೆಯ ಸ್ಕ್ಯಾನಿಂಗ್ ನೆನಪಿಸಿಕೊಂಡು, ಒಳಗಿನ ಚಿತ್ರ ಎಲ್ಲಿ ಕಾಣುತ್ತದೆ ಎಂದು ಕೇಳುತ್ತಾರೆ. ಸ್ಕ್ಯಾನಿಂಗ್ ಯಂತ್ರವು ಹಿಂದಿರುಗಿ ಬರುವ ಪ್ರತಿಧ್ವನಿಯನ್ನು ಹಿಡಿದು ಚಿತ್ರ ಬಿಡಿಸುತ್ತದೆ; ಚಿಕಿತ್ಸೆಯ ಯಂತ್ರವು ಶಬ್ದವನ್ನು ಒಳಕ್ಕೆ ಕಳುಹಿಸುತ್ತದೆಯೇ ಹೊರತು ಹಿಂದಿರುಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಬರಹವನ್ನು ಮುಖ್ಯವಾಗಿ ಹೊಸದಾಗಿ ಹೆಡ್ (ಶಬ್ದ ಹೊಮ್ಮಿಸುವ, ಚರ್ಮದ ಮೇಲೆ ಓಡಿಸುವ ಯಂತ್ರದ ಭಾಗ) ಹಿಡಿಯುತ್ತಿರುವ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಲಾಗಿದೆ. ಚಿಕಿತ್ಸೆ ಪಡೆಯುವವರು ಓದಿದರೂ, ತಮ್ಮ ಮೇಲೆ ನಡೆಯುತ್ತಿರುವುದೇನು ಎಂಬುದು ಅವರಿಗೆ ತಿಳಿಯುತ್ತದೆ.

ಹೆಡ್‌ನೊಳಗೆ ನಡೆಯುವುದೇನು

ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ಹುಟ್ಟುತ್ತದೆ ಎಂಬುದನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಅದರ ಮರುವರ್ಷವೇ ಗೇಬ್ರಿಯಲ್ ಲಿಪ್‌ಮನ್ ಇದರ ತಿರುವುಮುರುವನ್ನು, ಎಂದರೆ ಹರಳಿಗೆ ವಿದ್ಯುತ್ ಕೊಟ್ಟರೆ ಅದು ಹಿಗ್ಗಿ ಕುಗ್ಗಬೇಕು ಎಂಬುದನ್ನು, ಲೆಕ್ಕಾಚಾರದಿಂದಲೇ ಊಹಿಸಿದನು. ಇಂದಿನ ಹೆಡ್‌ಗಳಲ್ಲಿ ಹರಳಿನ ಜಾಗದಲ್ಲಿ ಸಾಮಾನ್ಯವಾಗಿ ಕೃತಕ ಪಿಂಗಾಣಿಯ ಬಿಲ್ಲೆ ಇರುತ್ತದೆ. ಅದಕ್ಕೆ ಅತಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ಕೊಟ್ಟಾಗ ಅದು ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಬಾರಿ ಅದುರುತ್ತದೆ. ಇವೇ ಯಂತ್ರದ ಮೇಲೆ ಕಾಣುವ 1 ಮೆಗಾಹರ್ಟ್ಜ್ ಮತ್ತು 3 ಮೆಗಾಹರ್ಟ್ಜ್. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಹರ್ಟ್ಜ್ ಆದ್ದರಿಂದ ರೋಗಿಗೆ ಏನೂ ಕೇಳಿಸುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ಪಾಲ್ ಲಾಂಜೆವಾಂ ಇಂತಹ ಶಬ್ದವನ್ನು ನೀರಿಗೆ ಬಿಟ್ಟಾಗ ಹತ್ತಿರದ ಮೀನುಗಳು ಸತ್ತವು. ಈ ಶಬ್ದಕ್ಕೆ ಜೀವಕೋಶಗಳ ಮೇಲೆ ಪರಿಣಾಮವಿದೆ ಎಂಬ ಸುಳಿವು ಅಲ್ಲಿಂದ ದೊರೆಯಿತು. ಪ್ರಮಾಣ ಮೀರಿದರೆ ಏನಾದೀತು ಎಂಬ ಸುಳಿವೂ ಅದೇ.

ಶಬ್ದವು ಅಂಗಾಂಶದಲ್ಲಿ ಹೀರಲ್ಪಟ್ಟಾಗ ಶಾಖವಾಗುತ್ತದೆ. ನೀರಿನಂಶ ಹೆಚ್ಚಿರುವ ರಕ್ತ ಮತ್ತು ಪ್ರೋಟೀನು ಕಡಿಮೆಯಿರುವ ಕೊಬ್ಬು ಅದನ್ನು ಬಹುಮಟ್ಟಿಗೆ ಮುಂದಕ್ಕೆ ಬಿಟ್ಟುಕೊಡುತ್ತವೆ. ಪ್ರೋಟೀನು ಒತ್ತಾಗಿರುವ ಸ್ನಾಯುರಜ್ಜು, ಅಸ್ಥಿರಜ್ಜು, ಕೀಲಿನ ಹೊದಿಕೆ ಮತ್ತು ಗಾಯ ಮಾಗಿದ ಗಂಟುಗಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಬಿಸಿನೀರಿನ ಚೀಲಕ್ಕೂ ಅಲ್ಟ್ರಾಸೌಂಡಿಗೂ ಇರುವ ನಿಜವಾದ ವ್ಯತ್ಯಾಸ ಇದೇ: ಚೀಲದ ಶಾಖವು ಚರ್ಮ ಮತ್ತು ಅದರ ಕೆಳಗಿನ ಕೊಬ್ಬನ್ನು ದಾಟಲು ಹೆಣಗುತ್ತದೆ, ಇದರ ಶಾಖವು ಕೊಬ್ಬನ್ನು ದಾಟಿಹೋಗಿ ಬೇಕಾದ ಜಾಗದಲ್ಲಿಯೇ ಹುಟ್ಟುತ್ತದೆ. ಶಾಖವಲ್ಲದೆ ಇನ್ನೊಂದು ಬಗೆಯ ಪರಿಣಾಮವೂ ಉಂಟು. ಅಂಗಾಂಶದ ದ್ರವದಲ್ಲಿರುವ ಅತಿ ಸಣ್ಣ ಅನಿಲಗುಳ್ಳೆಗಳು ಶಬ್ದದ ಒತ್ತಡಕ್ಕೆ ಹಿಗ್ಗಿ ಕುಗ್ಗುತ್ತವೆ, ಅವುಗಳ ಸುತ್ತ ಸೂಕ್ಷ್ಮವಾದ ಹರಿವು ಏಳುತ್ತದೆ ಮತ್ತು ಅದು ಜೀವಕೋಶದ ಪೊರೆಯ ಮೂಲಕ ನಡೆಯುವ ಸಾಗಾಟವನ್ನು ಬದಲಿಸುತ್ತದೆ. ಪ್ರಯೋಗಾಲಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ರೋಗಿಯಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಪ್ರಮಾಣದ ಲೆಕ್ಕ

ಮೊದಲು ನಿರ್ಧರಿಸಬೇಕಾದದ್ದು ಆಳ. 1 ಮೆಗಾಹರ್ಟ್ಜ್ ಶಬ್ದವು ಸುಮಾರು 5 ಸೆಂಟಿಮೀಟರ್ ಆಳದವರೆಗೆ ಉಪಯುಕ್ತ ಪ್ರಮಾಣದಲ್ಲಿ ತಲುಪುತ್ತದೆ. 3 ಮೆಗಾಹರ್ಟ್ಜ್ ಬೇಗ ಹೀರಲ್ಪಡುವುದರಿಂದ ಸುಮಾರು 2 ಸೆಂಟಿಮೀಟರಿನೊಳಗೇ ಮುಗಿಯುತ್ತದೆ. ‘ಹೆಚ್ಚು ಅಂಕಿ, ಹೆಚ್ಚು ಆಳ’ ಎಂದು ವಿದ್ಯಾರ್ಥಿಗಳು ತಿರುಗಾಮುರುಗಾ ಹೇಳುವುದನ್ನು ಪ್ರತಿ ವರ್ಷವೂ ಕೇಳುತ್ತೇನೆ. ಮೊಣಕೈ ಹೊರಬದಿಯ ನೋವಿಗೆ, ಮಣಿಕಟ್ಟಿಗೆ, ಪಾದದ ಗಿಣ್ಣಿನ ಅಸ್ಥಿರಜ್ಜುವಿಗೆ 3 ಮೆಗಾಹರ್ಟ್ಜ್ ಬೇಕು. ಮೀನಖಂಡದ ಆಳದ ಸ್ನಾಯುವಿಗೆ 1 ಮೆಗಾಹರ್ಟ್ಜ್ ಬೇಕು.

ಎರಡನೆಯದು ಶಾಖ ಬೇಕೇ ಬೇಡವೇ ಎಂಬುದು. ಹಳೆಯ, ಬಿಗಿತ ಕೂಡಿದ ತೊಂದರೆಗೆ ಬಿಡದೆ ಹರಿಯುವ ಶಬ್ದವನ್ನು ಕೊಡಲಾಗುತ್ತದೆ. ಉಳುಕಿ ಎರಡು ಮೂರು ದಿನವಷ್ಟೇ ಆಗಿ, ಇನ್ನೂ ಬಾವು ಇರುವ ಜಾಗಕ್ಕೆ ಶಾಖ ಬೇಡ. ಅಲ್ಲಿ ಕೊಡಲೇಬೇಕೆಂದಿದ್ದರೆ ಬಿಟ್ಟುಬಿಟ್ಟು ಹರಿಯುವ, ಅಂದರೆ ಪಲ್ಸ್ಡ್ ವಿಧಾನವನ್ನು ಆರಿಸಬೇಕು. 20 ಪ್ರತಿಶತದ ಪಲ್ಸ್ ಎಂದರೆ ಸಾಮಾನ್ಯವಾಗಿ 2 ಮಿಲಿಸೆಕೆಂಡ್ ಶಬ್ದ, 8 ಮಿಲಿಸೆಕೆಂಡ್ ಮೌನ. ಆಗ ಯಂತ್ರದಲ್ಲಿ ಚದರ ಸೆಂಟಿಮೀಟರಿಗೆ 0.5 ವ್ಯಾಟ್ ಎಂದಿದ್ದರೂ ಅಂಗಾಂಶಕ್ಕೆ ಸರಾಸರಿಯಾಗಿ ಸಿಗುವುದು 0.1 ವ್ಯಾಟ್ ಮಾತ್ರ.

ಮೂರನೆಯದಾದ ತೀವ್ರತೆ ಮತ್ತು ಸಮಯವನ್ನು ಬೇರೆಬೇರೆಯಾಗಿ ಯೋಚಿಸಬಾರದು. ಡ್ರೇಪರ್ ಮತ್ತು ಸಂಗಡಿಗರು 1995ರಲ್ಲಿ ಮೀನಖಂಡದೊಳಕ್ಕೆ ತಾಪವನ್ನು ಅಳೆಯುವ ಸೂಜಿಗಳನ್ನು ಇಳಿಸಿ ನೋಡಿದಂತೆ, ಚದರ ಸೆಂಟಿಮೀಟರಿಗೆ 1 ವ್ಯಾಟ್ ತೀವ್ರತೆಯಲ್ಲಿ 1 ಮೆಗಾಹರ್ಟ್ಜ್ ನಿಮಿಷಕ್ಕೆ ಸುಮಾರು 0.2 ಡಿಗ್ರಿ ಸೆಲ್ಸಿಯಸ್, 3 ಮೆಗಾಹರ್ಟ್ಜ್ ಸುಮಾರು 0.6 ಡಿಗ್ರಿ ಬಿಸಿ ಏರಿಸುತ್ತದೆ. ಬಿಗಿದ ಅಂಗಾಂಶವು ಎಳೆತಕ್ಕೆ ಒಗ್ಗಬೇಕಾದರೆ ಸುಮಾರು 4 ಡಿಗ್ರಿ ಏರಿಕೆ ಬೇಕೆಂದು ಇಟ್ಟುಕೊಂಡರೆ, 3 ಮೆಗಾಹರ್ಟ್ಜ್‌ನಲ್ಲಿ 1 ವ್ಯಾಟಿಗೆ ಆರೂವರೆ ನಿಮಿಷ ಸಾಕು; 1 ಮೆಗಾಹರ್ಟ್ಜ್‌ನಲ್ಲಿ ತೀವ್ರತೆಯನ್ನು 1.5 ವ್ಯಾಟಿಗೆ ಏರಿಸಿದರೂ ಹದಿಮೂರು ನಿಮಿಷ ಬೇಕು. ಎಲ್ಲೆಡೆ ರೂಢಿಯಲ್ಲಿರುವ ‘ಐದು ನಿಮಿಷ’ದಲ್ಲಿ ಇದೇ ಸ್ನಾಯುವಿನ ಬಿಸಿ ಒಂದೂವರೆ ಡಿಗ್ರಿಯಷ್ಟೇ ಏರಿರುತ್ತದೆ. ಯಂತ್ರ ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಬಾರಿ ಇರುವುದು ಈ ಸರಳ ಗುಣಾಕಾರದ ಅಭಾವ.

ನಾಲ್ಕನೆಯದು ಜಾಗದ ಅಳತೆ. ಹೆಡ್‌ನಿಂದ ಶಬ್ದ ನಿಜವಾಗಿ ಹೊಮ್ಮುವ ವಿಸ್ತೀರ್ಣವನ್ನು ಅದರ ಮೇಲೆಯೇ ನಮೂದಿಸಿರುತ್ತಾರೆ, ಮತ್ತು ಅದು ಲೋಹದ ಮುಖಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಒಂದು ಸಲಕ್ಕೆ ಅದರ ಎರಡು ಮೂರು ಪಟ್ಟು ಜಾಗಕ್ಕಿಂತ ಹೆಚ್ಚಿಗೆ ಹೋಗಬಾರದು. 5 ಚದರ ಸೆಂಟಿಮೀಟರಿನ ಹೆಡ್ ಆದರೆ ಹೆಚ್ಚೆಂದರೆ ಒಂದು ಬೆಂಕಿಪೊಟ್ಟಣದ ಮುಖದಷ್ಟು. ಇದೇ ಹೆಡ್ಡನ್ನು ಸೊಂಟದ ಈ ತುದಿಯಿಂದ ಆ ತುದಿಗೆ ಓಡಿಸುವುದರಿಂದ ಯಾವ ಜಾಗವೂ ಬಿಸಿಯಾಗುವುದಿಲ್ಲ. ಸೊಂಟನೋವಿಗೆ ಅಲ್ಟ್ರಾಸೌಂಡ್ ಕೊಡಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ನೇರವಾಗಿಯೇ ಹೇಳಿದೆ. ಆ ಮಾತನ್ನು ನಾನು ಒಪ್ಪುತ್ತೇನೆ.

ಹೆಡ್ ಮುಟ್ಟಿಸುವ ಮೊದಲು

ಗರ್ಭಿಣಿಯ ಹೊಟ್ಟೆ ಮತ್ತು ಸೊಂಟ, ಕಣ್ಣು, ವೃಷಣ, ಕ್ಯಾನ್ಸರ್ ಇರುವ ಅಥವಾ ಇರಬಹುದಾದ ಜಾಗ, ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಕಾಲು, ಪೇಸ್‌ಮೇಕರ್ ಕೂರಿಸಿದ ಎದೆ, ಕೀವು ತುಂಬಿದ ಅಥವಾ ರಕ್ತ ಒಸರುವ ಭಾಗ, ಬೆನ್ನುಹುರಿಯ ಮೇಲಿನ ಮೂಳೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿರುವ ಜಾಗ, ಇವುಗಳ ಮೇಲೆ ಅಲ್ಟ್ರಾಸೌಂಡ್ ಕೂಡದು. ಸಿಮೆಂಟು ಅಥವಾ ಪ್ಲಾಸ್ಟಿಕ್ ಭಾಗಗಳಿರುವ ಕೃತಕ ಕೀಲಿನ ಮೇಲೂ ಬೇಡ. ಬೆಳೆಯುವ ಮಕ್ಕಳ ಮೂಳೆಯ ತುದಿಗಳ ಬಗ್ಗೆ ಎಚ್ಚರ ಬೇಕು. ಇವೆಲ್ಲಕ್ಕಿಂತ ನಮ್ಮಲ್ಲಿ ಹೆಚ್ಚಾಗಿ ಎದುರಾಗುವುದು ಮತ್ತು ಹೆಚ್ಚಾಗಿ ಮರೆತುಹೋಗುವುದು ಸ್ಪರ್ಶಜ್ಞಾನ ಕುಂದಿದ ಸಕ್ಕರೆ ಕಾಯಿಲೆಯವರ ಪಾದ. ಹಿಮ್ಮಡಿ ನೋವೆಂದು ಬಂದ ರೋಗಿಗೆ ಬಿಸಿನೀರು ಮತ್ತು ತಣ್ಣೀರು ತುಂಬಿದ ಎರಡು ಪ್ರನಾಳಗಳನ್ನು ಮುಟ್ಟಿಸಿ, ಕಣ್ಣು ಮುಚ್ಚಿಸಿ ಯಾವುದು ಯಾವುದೆಂದು ಕೇಳಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಉತ್ತರ ತಪ್ಪಿದರೆ ಶಾಖ ಕೊಡುವ ಪ್ರಮಾಣದಲ್ಲಿ ಅಲ್ಟ್ರಾಸೌಂಡ್ ಕೊಡಬಾರದು, ಏಕೆಂದರೆ ಸುಡುತ್ತಿದೆ ಎಂದು ಹೇಳಬೇಕಾದವರಿಗೇ ಸುಡುವುದು ಗೊತ್ತಾಗುವುದಿಲ್ಲ.

ಯಂತ್ರದಿಂದ ಶಬ್ದ ಹೊಮ್ಮುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹೆಡ್ಡನ್ನು ಮೇಲ್ಮುಖವಾಗಿ ಹಿಡಿದು, ಅಂಚಿನ ಸುತ್ತ ಟೇಪು ಸುತ್ತಿ ಬಟ್ಟಲಿನಂತೆ ಮಾಡಿ, ಸ್ವಲ್ಪ ನೀರು ಹಾಕಿ ತೀವ್ರತೆಯನ್ನು ಏರಿಸಿದಾಗ ನೀರು ಕದಡಬೇಕು. ಒಣ ಹೆಡ್ಡನ್ನು ಗಾಳಿಯಲ್ಲಿ ಹಿಡಿದು ಚಾಲೂ ಮಾಡಿದರೆ ಬಿಲ್ಲೆ ಕಾದು ಹಾಳಾಗುತ್ತದೆ.

ಚಿಕಿತ್ಸೆ ಕೊಡುವಾಗ

ರೋಗಿಗಳು ಎಣ್ಣೆ, ಅರಿಶಿನದ ಪಟ್ಟು, ನೋವಿನ ಮುಲಾಮು ಹಚ್ಚಿಕೊಂಡು ಬರುವುದು ಸಾಮಾನ್ಯ. ಅದನ್ನೆಲ್ಲ ಒರೆಸಿ ಚರ್ಮವನ್ನು ಶುಚಿಗೊಳಿಸಬೇಕು. ಹಲವು ಮುಲಾಮುಗಳು ಶಬ್ದವನ್ನು ಸರಿಯಾಗಿ ದಾಟಗೊಡುವುದಿಲ್ಲ. ಲೋಹದಿಂದ ಗಾಳಿಗೆ ಶಬ್ದ ಬಹುತೇಕ ದಾಟುವುದೇ ಇಲ್ಲ, ಪೂರ್ತಿ ಹಿಂದಕ್ಕೆ ಮರಳುತ್ತದೆ. ಆದ್ದರಿಂದ ಜೆಲ್ ಹಾಕುವುದು ಜಾರಿಸುವುದಕ್ಕಷ್ಟೇ ಅಲ್ಲ, ನಡುವಿನ ಗಾಳಿಯನ್ನು ಹೊರಹಾಕುವುದಕ್ಕೆ. ಕೂದಲು ಹೆಚ್ಚಿದ್ದರೆ ಜೆಲ್ ಹೆಚ್ಚು ಬೇಕು. ಬೆರಳು, ಗಿಣ್ಣಿನಂತಹ ಉಬ್ಬುತಗ್ಗಿನ ಭಾಗಗಳನ್ನು ಕುದಿಸಿ ಆರಿಸಿದ ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮುಳುಗಿಸಿ, ಹೆಡ್ಡನ್ನು ಚರ್ಮದಿಂದ ಒಂದು ಸೆಂಟಿಮೀಟರಿನಷ್ಟು ದೂರದಲ್ಲಿ ಸಮಾನಾಂತರವಾಗಿ ಹಿಡಿಯಬಹುದು. ಚರ್ಮದ ಮೇಲೆ ಕೂರುವ ಗುಳ್ಳೆಗಳನ್ನು ಆಗಾಗ ಒರೆಸುತ್ತಿರಬೇಕು.

ಹೆಡ್ ಚರ್ಮಕ್ಕೆ ನೇರವಾಗಿ ಕೂತ ಮೇಲೆಯೇ ತೀವ್ರತೆಯನ್ನು ಏರಿಸಬೇಕು. ಸೆಕೆಂಡಿಗೆ ಸುಮಾರು 4 ಸೆಂಟಿಮೀಟರ್ ವೇಗದಲ್ಲಿ, ಒಂದು ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ, ಹೆಡ್ ಓರೆಯಾಗದಂತೆ ಚಲಿಸುತ್ತಿರಬೇಕು. ನಿಲ್ಲಿಸುವಂತಿಲ್ಲ. ಹೆಡ್‌ನಿಂದ ಹೊಮ್ಮುವ ಶಬ್ದ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ, ನಡುನಡುವೆ ಸರಾಸರಿಯ ಐದಾರು ಪಟ್ಟು ತೀವ್ರತೆಯ ಮೊನೆಗಳಿರುತ್ತವೆ. ಜೊತೆಗೆ ಮೂಳೆಗೆ ತಾಗಿ ಮರಳುವ ಅಲೆಗಳು ಒಳಹೋಗುವ ಅಲೆಗಳೊಂದಿಗೆ ಸೇರಿ ಒಂದೇ ಜಾಗದಲ್ಲಿ ನೆಲೆನಿಲ್ಲುತ್ತವೆ. ಕೈ ನಿಂತರೆ ಇವೆರಡೂ ಸೇರಿ ಅಲ್ಲಿ ಸುಡುತ್ತವೆ. ರೋಗಿಗೆ ಹಿತವಾದ ಬೆಚ್ಚಗೆ ಅನ್ನಿಸಬಹುದು, ಏನೂ ಅನ್ನಿಸದೆಯೂ ಇರಬಹುದು. ಒಳಗಿನಿಂದ ಕೊರೆಯುವಂತಹ ನೋವು ಬಂದರೆ ಮೂಳೆಯ ಪೊರೆ ಕಾಯುತ್ತಿದೆ ಎಂದರ್ಥ. ತಕ್ಷಣ ತೀವ್ರತೆ ಇಳಿಸಬೇಕು. ‘ಏನೂ ಗೊತ್ತಾಗ್ತಾ ಇಲ್ಲ, ಸ್ವಲ್ಪ ಜಾಸ್ತಿ ಮಾಡಿ’ ಎಂಬ ಕೋರಿಕೆಗೆ ಮಣಿಯಬಾರದು. ಅಂತರರಾಷ್ಟ್ರೀಯ ಮಾನಕದ ಮಿತಿ ಚದರ ಸೆಂಟಿಮೀಟರಿಗೆ 3 ವ್ಯಾಟ್. ನಿತ್ಯದ ಬಳಕೆಯಲ್ಲಿ ಅದರ ಹತ್ತಿರ ಹೋಗುವ ಅಗತ್ಯವೇ ಬೀಳುವುದಿಲ್ಲ.

ಬಿಸಿ ಏರಿದ ಅಂಗಾಂಶ ತಣ್ಣಗಾಗಲು ಹೆಚ್ಚು ಹೊತ್ತು ಬೇಕಿಲ್ಲ; ಎಳೆತಕ್ಕೆ ಅನುಕೂಲವಾದ ಅವಧಿ ಮೂರರಿಂದ ಐದು ನಿಮಿಷ ಮಾತ್ರ. ಹಾಗಾಗಿ ಭುಜ ಬಿಗಿದವರಿಗೆ ಹೆಡ್ ಓಡುತ್ತಿರುವಾಗಲೇ ತೋಳನ್ನು ಎಳೆತದ ಭಂಗಿಯಲ್ಲಿ ಇರಿಸಿ, ಮುಗಿದ ಕೂಡಲೇ ವ್ಯಾಯಾಮ ಆರಂಭಿಸಬೇಕು. ಜೆಲ್ ಒರೆಸಿ, ಸರದಿಯಲ್ಲಿ ಕಾಯಲು ಹೇಳಿ, ಕಾಲು ಗಂಟೆಯ ಬಳಿಕ ವ್ಯಾಯಾಮಕ್ಕೆ ಕರೆದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಫಲ ಎಷ್ಟು

2001ರಲ್ಲಿ ರಾಬರ್ಟ್‌ಸನ್ ಮತ್ತು ಬೇಕರ್ 35 ಪ್ರಯೋಗಗಳನ್ನು ಪರಿಶೀಲಿಸಿ, ಕ್ರಮಬದ್ಧವಾದ 10ನ್ನು ಮಾತ್ರ ಉಳಿಸಿಕೊಂಡರು. ಅವುಗಳಲ್ಲಿ ಎಂಟರಲ್ಲಿ ಅಲ್ಟ್ರಾಸೌಂಡ್, ಶಬ್ದ ಬಿಡದೆ ಸುಮ್ಮನೆ ಹೆಡ್ ಆಡಿಸಿದ್ದಕ್ಕಿಂತ ಮೇಲೆಂದು ತೋರಲಿಲ್ಲ. ಇದನ್ನು ರೋಗಿಗಳಿಂದ ಮುಚ್ಚಿಡಬಾರದು. ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣದಂಶ ಕೂತವರ ಮೇಲೆ ಎಬೆನ್‌ಬಿಕ್ಲರ್ ತಂಡ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದ ಫಲ ಬೇರೆ: ಒಂಬತ್ತು ತಿಂಗಳ ಬಳಿಕ ನಿಜವಾದ ಚಿಕಿತ್ಸೆ ಪಡೆದವರಲ್ಲಿ 42 ಪ್ರತಿಶತ ಭುಜಗಳಲ್ಲಿ, ಸೋಗಿನ ಚಿಕಿತ್ಸೆಯಲ್ಲಿ 8 ಪ್ರತಿಶತ ಭುಜಗಳಲ್ಲಿ ಸುಣ್ಣ ಕರಗಿತ್ತು, ಆದರೆ ನೋವಿನಲ್ಲಿದ್ದ ಅಂತರ ಆ ಹೊತ್ತಿಗೆ ಉಳಿದಿರಲಿಲ್ಲ. ಅಲ್ಲಿ ಕೊಟ್ಟಿದ್ದು ತಲಾ 15 ನಿಮಿಷದ 24 ಸರದಿಗಳು. ಐದು ನಿಮಿಷದ ಐದಾರು ಸರದಿ ಕೊಟ್ಟು ಅದೇ ಫಲ ನಿರೀಕ್ಷಿಸುವಂತಿಲ್ಲ. ಒಂದು ವಾರದಲ್ಲಿ ನೋವಿನಲ್ಲಾಗಲಿ ಚಲನೆಯ ಕೋನದಲ್ಲಾಗಲಿ ಬದಲಾವಣೆ ಕಾಣದಿದ್ದರೆ ಪ್ರಮಾಣವನ್ನು ಮರುಲೆಕ್ಕ ಹಾಕಬೇಕು. ಆಮೇಲೂ ಬದಲಾಗದಿದ್ದರೆ ಅಲ್ಟ್ರಾಸೌಂಡ್ ನಿಲ್ಲಿಸಿ ಸಮಯವನ್ನು ವ್ಯಾಯಾಮಕ್ಕೆ ಕೊಡಬೇಕು.

ಈ ನಿರ್ಧಾರ ಸಾಧ್ಯವಾಗುವುದು ದಾಖಲೆ ಇದ್ದಾಗ ಮಾತ್ರ. ರೋಗಿಯ ಕಾರ್ಡಿನಲ್ಲಿ ‘ಅಲ್ಟ್ರಾಸೌಂಡ್ ಕೊಡಲಾಗಿದೆ’ ಎಂದಷ್ಟೇ ಬರೆದರೆ ಮರುದಿನ ಹೆಡ್ ಹಿಡಿಯುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮೆಗಾಹರ್ಟ್ಜ್, ಬಿಡದೆ ಅಥವಾ ಪಲ್ಸ್, ತೀವ್ರತೆ, ನಿಮಿಷ, ಹೆಡ್‌ನ ಅಳತೆ, ನಿಖರವಾದ ಜಾಗ, ರೋಗಿಗೆ ಅನ್ನಿಸಿದ್ದು, ಇಷ್ಟನ್ನೂ ಬರೆಯಬೇಕು. ಒಂದು ಸಾಲಿನಲ್ಲಿ ಮುಗಿಯುತ್ತದೆ.