ಸಂಬಳದ ಜೊತೆಗೇ ಸೋಷಿಯಲ್ ವರ್ಕ್ ಪದವಿ: ಇಂಗ್ಲೆಂಡಿನ ಅಪ್ರೆಂಟಿಸ್‌ಶಿಪ್ ಅನುಭವ

ಇಂಗ್ಲೆಂಡಿನಲ್ಲಿ ಸೋಷಿಯಲ್ ವರ್ಕರ್ ಆಗಬೇಕೆಂದರೆ ಕೈಯಿಂದ ಫೀಸು ಕಟ್ಟಿ ಓದಲೇಬೇಕು ಎಂದೇನಿಲ್ಲ. ಕೌನ್ಸಿಲ್ (ಸ್ಥಳೀಯ ಸರ್ಕಾರ) ನೌಕರಿಯಲ್ಲಿದ್ದುಕೊಂಡು, ತಿಂಗಳ ಸಂಬಳ ಪಡೆಯುತ್ತಲೇ, ಸುಮಾರು ಮೂರು ವರ್ಷದಲ್ಲಿ ಆನರ್ಸ್ ಪದವಿ ಮುಗಿಸಿ ನೋಂದಣಿಗೆ ಅರ್ಹರಾಗುವ ಡಿಗ್ರಿ ಅಪ್ರೆಂಟಿಸ್‌ಶಿಪ್ ಇದೆ. ನಾನು ಓದಿದ್ದು ಈ ದಾರಿಯಲ್ಲಿ. ನಾನು ಕಂಡಂತೆ ಇಲ್ಲಿ ಜನ ಎಡವುವುದು ಪಾಠದಲ್ಲಲ್ಲ, ಸಮಯದ ಲೆಕ್ಕದಲ್ಲಿ. ಒಂದೇ ಕಚೇರಿಯಲ್ಲಿ ನೀವು ನೌಕರರೂ ಹೌದು, ವಿದ್ಯಾರ್ಥಿಯೂ ಹೌದು. ಫೋನ್ ಬಡಿದುಕೊಳ್ಳುತ್ತಿರುವಾಗ ಮ್ಯಾನೇಜರ್ ಕಣ್ಣಿಗೆ ಬೀಳುವುದು ನೌಕರ ಮಾತ್ರ. ಆದ್ದರಿಂದ ಗೆರೆ ಎಲ್ಲಿದೆ ಎನ್ನುವುದನ್ನು ಮೊದಲ ವಾರವೇ ಬರಹದಲ್ಲಿ ಇಟ್ಟುಕೊಳ್ಳಬೇಕು.

ಮೊದಲು ದುಡ್ಡಿನ ವಿಷಯ. ವರ್ಷದ ಸಂಬಳದ ಬಿಲ್ಲು 30 ಲಕ್ಷ ಪೌಂಡ್ ದಾಟುವ ಸಂಸ್ಥೆಗಳು 2017ರ ಏಪ್ರಿಲ್‌ನಿಂದ ಆ ಬಿಲ್ಲಿನ 0.5 ಶೇಕಡಾವನ್ನು ಅಪ್ರೆಂಟಿಸ್ ತರಬೇತಿಯ ಲೆವಿಯಾಗಿ (ತೆರಿಗೆಯಂಥದ್ದು) ಕಟ್ಟುತ್ತಿವೆ. ಕೌನ್ಸಿಲ್‌ಗಳೆಲ್ಲ ಸಾಮಾನ್ಯವಾಗಿ ಈ ಲೆಕ್ಕದೊಳಗೆ ಬರುತ್ತವೆ. ಕಟ್ಟಿದ ಹಣ ಸಂಸ್ಥೆಯ ಖಾತೆಯಲ್ಲೇ ಕೂತಿರುತ್ತದೆ, ತರಬೇತಿಗೆ ಬಳಸದಿದ್ದರೆ ಅವಧಿ ಮುಗಿದು ಕೈಬಿಟ್ಟುಹೋಗುತ್ತದೆ. ಸೋಷಿಯಲ್ ವರ್ಕರ್ ಅಪ್ರೆಂಟಿಸ್‌ಶಿಪ್‌ಗೆ ಇದರಿಂದ ಗರಿಷ್ಠ 23,000 ಪೌಂಡ್ ಸಿಗುತ್ತದೆ. ನಿಮ್ಮ ಮ್ಯಾನೇಜರ್ ‘ಬಜೆಟ್ ಇಲ್ಲ’ ಎಂದರೆ, ಫೀಸು ತಂಡದ ಬಜೆಟ್‌ನಿಂದ ಹೋಗುವುದಲ್ಲ ಎಂದು ಹೇಳಿ. ಅವರಿಗೆ ನಿಜವಾಗಿ ತಗಲುವ ಖರ್ಚು ನಿಮ್ಮ ಗೈರುಹಾಜರಿ. ಮಾತುಕತೆ ಆ ವಿಷಯದ ಮೇಲೆ ನಡೆಯಲಿ. ತರಬೇತಿಯ ಖರ್ಚನ್ನು ಅಪ್ರೆಂಟಿಸ್‌ನಿಂದ ವಸೂಲು ಮಾಡುವಂತಿಲ್ಲ, ನಡುವೆ ಬಿಟ್ಟುಹೋದರೂ ಕೂಡ. ಒಪ್ಪಂದದಲ್ಲಿ ‘ಇಂತಿಷ್ಟು ವರ್ಷ ಇಲ್ಲೇ ಇರಬೇಕು, ಇಲ್ಲದಿದ್ದರೆ ಹಣ ವಾಪಸ್’ ಎಂಬ ಸಾಲು ಕಂಡರೆ ಸಹಿಗೆ ಮುಂಚೆ ಯೂನಿಯನ್ ಪ್ರತಿನಿಧಿಗೆ ತೋರಿಸಿ.

ಸಂಬಳ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ. ಕೆಲವು ಕಡೆ ಸಪೋರ್ಟ್ ವರ್ಕರ್ ದರ್ಜೆಯ ಸಂಬಳವೇ ಮುಂದುವರಿಯುತ್ತದೆ, ಕೆಲವು ಕಡೆ ಅಪ್ರೆಂಟಿಸ್‌ಗೆ ಕಡಿಮೆ ದರ್ಜೆ. ಕಾನೂನಿನ ಕನಿಷ್ಠ ಅಪ್ರೆಂಟಿಸ್ ದರ 2025ರ ಏಪ್ರಿಲ್‌ನಲ್ಲಿ ಗಂಟೆಗೆ 7.55 ಪೌಂಡ್ ಇತ್ತು. ಅದರಲ್ಲಿ ಸಂಸಾರ ನಡೆಯುವುದಿಲ್ಲ. ವಿದ್ಯಾರ್ಥಿ ಸಾಲವೂ ಇಲ್ಲ, ಬರ್ಸರಿಯೂ (ಓದಿಗೆ ಕೊಡುವ ಸಹಾಯಧನ) ಇಲ್ಲ. ಹಾಗಾಗಿ ‘ಮೊದಲ ವರ್ಷ ಯಾವ ದರ್ಜೆ, ಎರಡನೇ ವರ್ಷ ಯಾವುದು, ಮುಗಿದ ಮೇಲೆ ಹುದ್ದೆ ಖಾತ್ರಿಯೇ’ ಎಂಬ ಮೂರು ಪ್ರಶ್ನೆಗೆ ಇಮೇಲ್‌ನಲ್ಲಿ ಉತ್ತರ ತೆಗೆದುಕೊಳ್ಳಿ.

ಹೊರಗಿನಿಂದ ನೇರ ಜಾಗ ಸಿಗುವುದು ಅಪರೂಪ. ಹೆಚ್ಚಿನವು ಈಗಾಗಲೇ ಒಳಗಿರುವ ಫ್ಯಾಮಿಲಿ ಸಪೋರ್ಟ್ ವರ್ಕರ್, ಸೋಷಿಯಲ್ ಕೇರ್ ಅಸಿಸ್ಟೆಂಟ್‌ಗಳಿಗೆ ಹೋಗುತ್ತವೆ. ಅದರಿಂದ ಮೊದಲು ಆ ಹುದ್ದೆಗೆ ಸೇರಿ, ಒಂದೆರಡು ವರ್ಷ ಕೆಲಸ ತೋರಿಸಿ, ಆಮೇಲೆ ಅರ್ಜಿ ಹಾಕುವುದೇ ಖಚಿತ ದಾರಿ. ಆಯ್ಕೆ ಕೌನ್ಸಿಲ್ ಮತ್ತು ವಿಶ್ವವಿದ್ಯಾಲಯ ಎರಡೂ ಸೇರಿ ಮಾಡುತ್ತವೆ. ಲಿಖಿತ ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನ ಇರಬಹುದು. ಸೇವೆ ಪಡೆದ ಅನುಭವವಿರುವವರು ಪ್ಯಾನೆಲ್‌ನಲ್ಲಿ ಕೂತಿರುತ್ತಾರೆ. ಅವರ ಮುಂದೆ ‘ಜನಸೇವೆ ನನ್ನ ಕನಸು’ ಎಂಬ ಮಾತು ನಡೆಯುವುದಿಲ್ಲ. ‘ಒಬ್ಬರು ಬೇಡ ಎಂದಾಗ ನೀವೇನು ಮಾಡಿದಿರಿ’ ಎಂದು ಕೇಳುತ್ತಾರೆ. ಒಂದು ನಿಜವಾದ ಉದಾಹರಣೆ ಸಿದ್ಧವಿರಲಿ. ಜಿಸಿಎಸ್‌ಇ (ನಮ್ಮ ಹತ್ತನೇ ತರಗತಿಯಂಥ ಪರೀಕ್ಷೆ) ಇಂಗ್ಲಿಷ್ ಮತ್ತು ಗಣಿತಕ್ಕೆ ಸಮನಾದ ಪುರಾವೆ, ವಿಸ್ತೃತ ಡಿಬಿಎಸ್ ತಪಾಸಣೆ (ಅಪರಾಧ ಹಿನ್ನೆಲೆಯದು), ಆರೋಗ್ಯ ಘೋಷಣೆ ಬೇಕಾಗುತ್ತವೆ. ಹಳ್ಳಿಗಾಡೂ ಸೇರಿದ ದೊಡ್ಡ ಪ್ರದೇಶ ನೋಡಿಕೊಳ್ಳುವ ಕೌಂಟಿ ಕೌನ್ಸಿಲ್ ಆದರೆ ಕಾರು ಇಲ್ಲದೆ ಆಗುವುದಿಲ್ಲ. ವಿಮೆಯಲ್ಲಿ ‘ಬಿಸಿನೆಸ್ ಯೂಸ್’ ಸೇರಿಸದೆ ಹೋಮ್ ವಿಸಿಟ್‌ಗೆ ಹೊರಟರೆ ಅಪಘಾತವಾದಾಗ ವಿಮೆ ಕೈಕೊಡಬಹುದು.

ಕರ್ನಾಟಕದಿಂದ ಬಂದವರಿಗೆ ಎರಡು ಮಾತು. ಸ್ಟೂಡೆಂಟ್ ವೀಸಾದಲ್ಲಿರುವವರಿಗೆ ಇದು ಸಿಗುವುದಿಲ್ಲ. ಕೆಲಸ ಮಾಡುವ ಹಕ್ಕಿನ ಜೊತೆಗೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ ವಾಸವನ್ನೂ ಕೇಳುತ್ತಾರೆ. ಊರಿನಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿದವರು ಅಪ್ರೆಂಟಿಸ್‌ಶಿಪ್ ಹಿಂದೆ ಬೀಳುವ ಮೊದಲು, ವಿದೇಶಿ ಅರ್ಹತೆಯ ಮೇಲೆ, ನೋಂದಣಿ ಮಾಡುವ ನಿಯಂತ್ರಕ ಸಂಸ್ಥೆಯಾದ ಸೋಷಿಯಲ್ ವರ್ಕ್ ಇಂಗ್ಲೆಂಡ್‌ಗೆ ನೇರ ಅರ್ಜಿ ಹಾಕುವ ದಾರಿ ನೋಡಬೇಕು. ಅಪ್ರೆಂಟಿಸ್‌ಶಿಪ್‌ನ ಹಣ ಹೊಸ ಕಲಿಕೆಗೆ ಮಾತ್ರ, ಗೊತ್ತಿರುವುದನ್ನೇ ಮತ್ತೆ ಓದುವುದಕ್ಕಲ್ಲ. ಇದೆಲ್ಲ ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಬೇರೆ ಬೇರೆ ನಿಯಂತ್ರಕರಿದ್ದಾರೆ.

ಈಗ ಸಮಯಕ್ಕೆ ಬರೋಣ. ಸಂಬಳದ ಅವಧಿಯೊಳಗೆ, ದಿನದ ಕೆಲಸದ ಹೊರತಾಗಿ ಕಲಿಯುವುದಕ್ಕೆ ‘ಆಫ್ ದಿ ಜಾಬ್’ ಗಂಟೆ ಎನ್ನುತ್ತಾರೆ. ಹಿಂದೆ ಇದು ಕೆಲಸದ ಅವಧಿಯ 20 ಶೇಕಡಾ ಇತ್ತು. 2022ರ ಆಗಸ್ಟ್‌ನಿಂದ ಪೂರ್ಣಾವಧಿಯವರಿಗೆ ವಾರಕ್ಕೆ ಕನಿಷ್ಠ 6 ಗಂಟೆಯಾಯಿತು. 2025ರ ಆಗಸ್ಟ್‌ನಿಂದ ಸೇರಿದವರಿಗೆ ಪ್ರತಿ ಅಪ್ರೆಂಟಿಸ್‌ಶಿಪ್‌ಗೂ ಒಟ್ಟು ಕನಿಷ್ಠ ಗಂಟೆಗಳನ್ನೇ ನಿಗದಿ ಮಾಡಿದ್ದಾರೆ. ಇವೆಲ್ಲ ಕನಿಷ್ಠ. ಈ ಪದವಿಗೆ ಇಷ್ಟು ಸಾಲದು. ವಾರಕ್ಕೆ 37 ಗಂಟೆಯ ನೌಕರಿಯಲ್ಲಿ ಒಂದು ಪೂರ್ತಿ ದಿನ, ಅಂದರೆ 7 ಗಂಟೆ 24 ನಿಮಿಷ, ಕ್ಯಾಲೆಂಡರ್‌ನಲ್ಲಿ ಮೂರು ವರ್ಷಕ್ಕೂ ಬ್ಲಾಕ್ ಆಗಿರಬೇಕು. ಹೆಸರು ‘ಸ್ಟಡಿ’ ಎಂದಿಟ್ಟರೆ ಯಾರಾದರೂ ಅದರ ಮೇಲೆ ಮೀಟಿಂಗ್ ಹಾಕುತ್ತಾರೆ. ‘ಕಡ್ಡಾಯ ತರಬೇತಿ, ಲಭ್ಯವಿಲ್ಲ’ ಎಂದಿಡಿ. ಶನಿವಾರ ರಾತ್ರಿ ಮನೆಯಲ್ಲಿ ಓದಿದ್ದು ಲೆಕ್ಕಕ್ಕೆ ಸೇರುವುದಿಲ್ಲ, ವಾರ್ಷಿಕ ರಜೆಯೂ ಸೇರುವುದಿಲ್ಲ. ಈ ಗಂಟೆಗಳ ಲಾಗ್ ಅನ್ನು ಪ್ರತಿ ಶುಕ್ರವಾರ ತುಂಬಿಸಿ: ತಾರೀಖು, ಗಂಟೆ, ಏನು ಕಲಿತಿರಿ, ಅದು ಯಾವ ಜ್ಞಾನ, ಕೌಶಲ ಅಥವಾ ನಡವಳಿಕೆಯ ಅಂಶಕ್ಕೆ ಹೊಂದುತ್ತದೆ. ಆರು ತಿಂಗಳದ್ದನ್ನು ಒಟ್ಟಿಗೆ ನೆನಪಿಸಿಕೊಂಡು ಬರೆದರೆ ಓದಿದವರಿಗೆ ಗೊತ್ತಾಗುತ್ತದೆ, ಕೊನೆಯ ಹಂತಕ್ಕೆ ಬಿಡುವ ಮುನ್ನ ಗಂಟೆ ಸಾಲದೆ ಬಾಗಿಲು ಮುಚ್ಚುತ್ತದೆ. ಸುಮಾರು ಮೂರು ತಿಂಗಳಿಗೊಮ್ಮೆ ನೀವು, ಮ್ಯಾನೇಜರ್, ವಿಶ್ವವಿದ್ಯಾಲಯದವರು ಕೂರುವ ಪ್ರಗತಿ ಸಭೆ ಇರುತ್ತದೆ. ಗಂಟೆ ತಪ್ಪಿಹೋಗುತ್ತಿದೆ ಎಂದು ದೂರಬೇಕಾದ ಜಾಗ ಅದೇ. ಅಲ್ಲಿ ಹೇಳಿದ್ದು ದಾಖಲೆಯಾಗುತ್ತದೆ, ಕಾರಿಡಾರ್‌ನಲ್ಲಿ ಹೇಳಿದ್ದು ಆಗುವುದಿಲ್ಲ.

ಪ್ಲೇಸ್‌ಮೆಂಟ್, ಅಂದರೆ ಬೇರೆ ತಂಡದಲ್ಲಿ ಕೆಲಸ ಮಾಡುತ್ತ ಪಡೆಯುವ ಕ್ಷೇತ್ರ ತರಬೇತಿ, ಈ ಪದವಿಯ ಬೆನ್ನೆಲುಬು. ಒಟ್ಟು 200 ದಿನ, ಅದರಲ್ಲಿ ಕೌಶಲ ತರಬೇತಿಯ ದಿನ 30ರವರೆಗೆ. ಉಳಿದದ್ದನ್ನು ಬಹುತೇಕ ಕಡೆ 70 ದಿನದ ಮೊದಲ ಪ್ಲೇಸ್‌ಮೆಂಟ್, 100 ದಿನದ ಕೊನೆಯ ಪ್ಲೇಸ್‌ಮೆಂಟ್ ಎಂದು ಹಂಚುತ್ತಾರೆ. ಎರಡೂ ಬೇರೆ ಬೇರೆ ಬಗೆಯ ಅನುಭವ ಕೊಡಬೇಕು; ವಯಸ್ಕರ ತಂಡದಿಂದ ಬಂದವರನ್ನು ಮಕ್ಕಳ ತಂಡಕ್ಕೆ ಕಳಿಸುವುದು ರೂಢಿ. ಬ್ಯಾಂಕ್ ಹಾಲಿಡೇ, ಹುಷಾರಿಲ್ಲದ ದಿನ, ಕ್ಲಾಸಿನ ದಿನ ಯಾವುದೂ ಇದರಲ್ಲಿ ಸೇರುವುದಿಲ್ಲ. ವಾರಕ್ಕೆ ನಾಲ್ಕು ದಿನದಂತೆ 70 ದಿನ ಅಂದರೆ 18 ವಾರ; ರಜೆ ಸೇರಿಸಿ 20 ವಾರ ಎಂದು ಲೆಕ್ಕ ಹಾಕಿ.

ಪ್ಲೇಸ್‌ಮೆಂಟ್‌ಗೆ ಸೇರುವ ಎರಡು ವಾರ ಮೊದಲೇ ನಿಮ್ಮ ಸ್ವಂತ ತಂಡದ ಕೇಸುಗಳನ್ನು ಹೆಸರು ಹಿಡಿದು ಒಬ್ಬೊಬ್ಬರಿಗೆ ಹಸ್ತಾಂತರಿಸಿ. ‘ತಂಡ ನೋಡಿಕೊಳ್ಳುತ್ತದೆ’ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದರ್ಥ. ಇಮೇಲ್‌ಗೆ ಸ್ವಯಂ ಉತ್ತರ ಹಾಕಿ, ಹಳೆಯ ತಂಡದ ಚಾಟ್ ಗುಂಪಿನಿಂದ ಹೊರಬನ್ನಿ. ಮೊದಲ ದಿನವೇ ಕೇಸು ದಾಖಲಿಸುವ ಸಾಫ್ಟ್‌ವೇರ್‌ಗಳಾದ ಲಿಕ್ವಿಡ್‌ಲಾಜಿಕ್ ಅಥವಾ ಮೊಸಾಯಿಕ್, ಅಲ್ಲಿ ಯಾವುದಿದೆಯೋ ಅದರ ಲಾಗಿನ್ ಸಿಗುವಂತೆ ಮುಂಚೆಯೇ ಅರ್ಜಿ ಹಾಕಿಸಿ. ಇದೊಂದು ತಡವಾಗಿ ಮೊದಲ ಹತ್ತು ದಿನ ಬೇರೆಯವರ ಹೆಗಲ ಮೇಲಿಂದ ಇಣುಕಿ ನೋಡುವುದರಲ್ಲೇ ಕಳೆಯುವುದು ಸಾಮಾನ್ಯ.

ನಿಮ್ಮನ್ನು ಪಾಸು ಮಾಡುವ ಅಥವಾ ಫೇಲು ಮಾಡುವ ಶಿಫಾರಸು, ಪ್ಲೇಸ್‌ಮೆಂಟ್‌ನಲ್ಲಿ ನಿಮಗೆ ಕಲಿಸಿ ಅಳೆಯುವ ಪ್ರಾಕ್ಟೀಸ್ ಎಜುಕೇಟರ್‌ದು. ಅವರು ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿ ಬರೆಯುವ ನೇರ ವೀಕ್ಷಣೆಗಳನ್ನು ಕೊನೆಯ ತಿಂಗಳಿಗೆ ಉಳಿಸಬೇಡಿ. ವಿಸಿಟ್ ರದ್ದಾಗುವುದು, ಕುಟುಂಬ ಬೇಡ ಎನ್ನುವುದು ದಿನನಿತ್ಯದ ಮಾತು. ಒಂದಕ್ಕೆ ಎರಡು ದಿನಾಂಕ ಇಟ್ಟುಕೊಳ್ಳಿ. ಮನೆಯವರ ಒಪ್ಪಿಗೆಯನ್ನು ಹಿಂದಿನ ಭೇಟಿಯಲ್ಲೇ ಕೇಳಿ. ಬಾಗಿಲಲ್ಲಿ ನಿಂತು ಕೇಳಿದರೆ ಅವರು ಬೇಡ ಎನ್ನಲಾರರು, ಅದು ಒಪ್ಪಿಗೆಯೂ ಅಲ್ಲ.

ಏನು ಮಾಡಬಹುದು, ಏನು ಮಾಡಬಾರದು ಎಂಬುದೂ ಗೊತ್ತಿರಬೇಕು. ‘ಸೋಷಿಯಲ್ ವರ್ಕರ್’ ಎಂಬುದು ಕಾನೂನು ಕಾಪಾಡುವ ಹುದ್ದೆಯ ಹೆಸರು. ನೋಂದಣಿಯಾಗುವವರೆಗೆ ಇಮೇಲ್ ಸಹಿಯಲ್ಲೂ ಬಾಯಿಮಾತಲ್ಲೂ ‘ಅಪ್ರೆಂಟಿಸ್’ ಅಂತಲೇ ಹೇಳಬೇಕು. 2014ರ ಕೇರ್ ಆಕ್ಟ್‌ನ 9ನೇ ಸೆಕ್ಷನ್ನಿನ ಮೌಲ್ಯಮಾಪನವನ್ನು (ವಯಸ್ಕರಿಗೆ ಯಾವ ಆರೈಕೆ ಅಗತ್ಯ ಎಂದು ಅಳೆಯುವುದು) ತರಬೇತಿ ಪಡೆದ ಅಪ್ರೆಂಟಿಸ್ ಮಾಡಬಹುದು. 1989ರ ಚಿಲ್ಡ್ರನ್ ಆಕ್ಟ್‌ನ 47ನೇ ಸೆಕ್ಷನ್ನಿನ ಮಕ್ಕಳ ರಕ್ಷಣೆಯ ವಿಚಾರಣೆ ಅರ್ಹ ಸೋಷಿಯಲ್ ವರ್ಕರ್ ಕೈಯಲ್ಲಿರಬೇಕು, ನೀವು ಜೊತೆಗಿರಬಹುದು. ಜನ ಕಡಿಮೆಯಿರುವ ವಾರದಲ್ಲಿ ಈ ಗೆರೆ ಮಸುಕಾಗುತ್ತದೆ. ಆಗ ವಾದ ಬೇಡ, ಒಂದೇ ಸಾಲಿನ ಇಮೇಲ್ ಸಾಕು: ‘ಈ ಕೇಸಿನ ಅರ್ಹ ಸೋಷಿಯಲ್ ವರ್ಕರ್ ಯಾರು ಎಂದು ದಯವಿಟ್ಟು ದಾಖಲಿಸಿ.’

ಕಾನೂನಿನ ಪೇಪರ್‌ಗೆ ನನಗೆ ನೆರವಾದದ್ದು ಒಂದು ಕೋಷ್ಟಕ. ಎಡಕ್ಕೆ ಸೆಕ್ಷನ್, ನಡುವೆ ‘ಮಾಡಲೇಬೇಕು’ ಅಥವಾ ‘ಮಾಡಬಹುದು’, ಬಲಕ್ಕೆ ಅದು ಜಾರಿಯಾಗಲು ಏನು ಸಾಬೀತಾಗಬೇಕು. ಚಿಲ್ಡ್ರನ್ ಆಕ್ಟ್‌ನ್ನೇ ನೋಡಿ: 47ಕ್ಕೆ ಗಂಭೀರ ಹಾನಿಯ ಬಗ್ಗೆ ಸಕಾರಣ ಶಂಕೆ ಸಾಕು. ಮಗುವನ್ನು ಕೌನ್ಸಿಲ್‌ನ ಪಾಲನೆಗೆ ಅಥವಾ ಮೇಲ್ವಿಚಾರಣೆಗೆ ಒಪ್ಪಿಸುವ 31ನೇ ಸೆಕ್ಷನ್ನಿನ ಆದೇಶ ಕೋರ್ಟಿನಿಂದಲೇ ಬರಬೇಕು. 20ರಡಿ ಕೌನ್ಸಿಲ್ ಮಗುವನ್ನು ಇಟ್ಟುಕೊಂಡಿದ್ದರೆ ಹೆತ್ತವರ ಹಕ್ಕು ಹಾಗೇ ಇರುತ್ತದೆ, ಅವರು ಕರೆದೊಯ್ಯಬಹುದು. ಕರ್ತವ್ಯವನ್ನೂ ಅಧಿಕಾರವನ್ನೂ ಕಲಸಿಬಿಟ್ಟರೆ ಉಳಿದ ಉತ್ತರ ಎಷ್ಟು ಚೆಂದವಿದ್ದರೂ ಅಂಕ ಬರುವುದಿಲ್ಲ.

2005ರ ಮೆಂಟಲ್ ಕೆಪಾಸಿಟಿ ಆಕ್ಟ್‌ಗೆ (ಸ್ವಂತ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯದ ಕಾಯ್ದೆ) ಹೆಚ್ಚು ಹೊತ್ತು ಕೊಡಿ, ಯಾಕೆಂದರೆ ವಯಸ್ಕರ ತಂಡದಲ್ಲಿ ಅದು ವಾರವಾರವೂ ಬೇಕು. ಆಸ್ಪತ್ರೆಯಲ್ಲಿರುವ ಅಜ್ಜಿಯೊಬ್ಬರು ಮನೆಗೇ ಹೋಗುತ್ತೇನೆ ಅನ್ನುತ್ತಾರೆ, ಮಗ ಕೇರ್ ಹೋಮ್ ಅನ್ನುತ್ತಾನೆ ಎಂದಿಟ್ಟುಕೊಳ್ಳಿ. ‘ಅವರಿಗೆ ಸಾಮರ್ಥ್ಯ ಇದೆಯೇ’ ಎಂಬುದು ಪ್ರಶ್ನೆಯೇ ಅಲ್ಲ. ‘ಆಸ್ಪತ್ರೆಯಿಂದ ಹೊರಟ ಮೇಲೆ ಎಲ್ಲಿರಬೇಕು ಎಂಬ ಈ ನಿರ್ಧಾರ ತೆಗೆದುಕೊಳ್ಳಬಲ್ಲರೇ’ ಎಂಬುದು ಪ್ರಶ್ನೆ. ಎರಡೂ ಆಯ್ಕೆಯ ಸಾಧಕ ಬಾಧಕ ಸರಳವಾಗಿ ಹೇಳಿ, ಅವರ ಮಾತಿನಲ್ಲೇ ತಿರುಗಿ ಹೇಳಿಸಿ. ಸ್ವಲ್ಪ ಹೊತ್ತು ಬೇರೆ ಮಾತಾಡಿ ಮತ್ತೆ ಕೇಳಿ. ‘ರಾತ್ರಿ ಬಿದ್ದರೆ?’ ಎಂದರೆ ‘ಕುತ್ತಿಗೆಯಲ್ಲಿ ಅಲಾರಂ ಬಟನ್ ಇದೆಯಲ್ಲ, ಒತ್ತುತ್ತೇನೆ; ಬರುವುದು ತಡವಾದರೆ ಕಾಯುತ್ತೇನೆ, ನನ್ನ ಮನೆ ಅದು’ ಎಂದರೆ, ಅವರು ಅಪಾಯ ತೂಗಿ ನೋಡಿದ್ದಾರೆ. ನಿಮಗೆ ಅದು ಅವಿವೇಕ ಅನ್ನಿಸಬಹುದು. ಅವಿವೇಕದ ನಿರ್ಧಾರವೊಂದೇ ಸಾಮರ್ಥ್ಯವಿಲ್ಲ ಎಂಬುದಕ್ಕೆ ಪುರಾವೆಯಲ್ಲ ಎಂದು ಕಾಯ್ದೆಯ 1ನೇ ಸೆಕ್ಷನ್ನೇ ಹೇಳುತ್ತದೆ. ಅವರ ಪ್ರಶ್ನೋತ್ತರವನ್ನು ಅವರ ಮಾತಿನಲ್ಲೇ ಬರೆಯಿರಿ. ಇನ್ನೊಂದು ಸೂಕ್ಷ್ಮ: ನಿರ್ಧರಿಸಲು ಆಗುತ್ತದೆಯೇ ಎಂಬುದನ್ನು ಮೊದಲು ನೋಡಿ, ಆಗದಿದ್ದರೆ ಅದಕ್ಕೆ ಮಿದುಳಿನ ಅಥವಾ ಮನಸ್ಸಿನ ತೊಂದರೆ ಕಾರಣವೇ ಎಂದು ಆಮೇಲೆ ನೋಡಬೇಕೆಂದು ಸುಪ್ರೀಂ ಕೋರ್ಟ್ 2021ರ ಜೆಬಿ ತೀರ್ಪಿನಲ್ಲಿ ಕ್ರಮ ಹಾಕಿಕೊಟ್ಟಿದೆ. ಹಳೆಯ ಫಾರಂಗಳಲ್ಲಿ ಕಾಯಿಲೆಯ ಪ್ರಶ್ನೆ ಮೊದಲು ಬರುತ್ತದೆ. ಫಾರಂ ಹಿಡಿದುಕೊಂಡು ಹೋದರೆ ಡಿಮೆನ್ಷಿಯಾ ಅಂದಕೂಡಲೇ ತೀರ್ಮಾನ ಆಗಿಹೋಗುತ್ತದೆ.

ಕೇಸ್ ನೋಟ್ ಬರೆಯುವುದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ‘ಮನೆ ಗಲೀಜಾಗಿತ್ತು, ತಾಯಿ ಸಹಕರಿಸಲಿಲ್ಲ’ ಎಂಬುದು ನಿಮ್ಮ ಅಭಿಪ್ರಾಯ. ‘ಫ್ರಿಜ್‌ನಲ್ಲಿ ಹಾಲು ಬಿಟ್ಟರೆ ಏನೂ ಇರಲಿಲ್ಲ, ಮಗುವಿನ ಹಾಸಿಗೆಗೆ ಹೊದಿಕೆ ಇರಲಿಲ್ಲ, ಶಾಲೆಯ ವಿಷಯ ಕೇಳಿದಾಗ ತಾಯಿ “ನಾಳೆ ಮಾತಾಡೋಣ” ಎಂದು ಬಾಗಿಲ ಬಳಿ ಹೋಗಿ ನಿಂತರು’ ಎಂಬುದು ಕೋರ್ಟಿನಲ್ಲಿ ನಿಲ್ಲುತ್ತದೆ. ಕಂಡದ್ದು, ಕೇಳಿದ್ದು, ನಿಮ್ಮ ವಿಶ್ಲೇಷಣೆ, ಮುಂದೇನು: ಈ ನಾಲ್ಕೂ ಬೇರೆ ಬೇರೆ ಪ್ಯಾರಾ ಆಗಿರಲಿ. ಮಗುವಿನ ಮಾತು ಮಗುವಿನ ಮಾತಿನಲ್ಲೇ ಇರಲಿ. ಆ ಕುಟುಂಬ ಮುಂದೊಂದು ದಿನ ತನ್ನ ಫೈಲು ಕೇಳಿ ಓದಬಹುದು ಎಂಬುದು ತಲೆಯಲ್ಲಿದ್ದರೆ ಅರ್ಧ ವಿಶೇಷಣಗಳು ತಾವಾಗೇ ಉದುರುತ್ತವೆ.

ಇದೇ ವಿಷಯ ಅಸೈನ್‌ಮೆಂಟ್‌ಗೆ ಹೋಗುವಾಗ ಹೆಸರು ಬದಲಾಯಿಸಿದರೆ ಸಾಲದು. ಪುಟ್ಟ ಊರು, ಅಪರೂಪದ ಕಾಯಿಲೆ, ಅವಳಿ ಮಕ್ಕಳು, ಇಷ್ಟಿದ್ದರೆ ಯಾರೆಂದು ಗೊತ್ತಾಗುತ್ತದೆ. ಗೌಪ್ಯತೆ ಮುರಿದದ್ದಕ್ಕೆ ಇಡೀ ಪೇಪರ್ ಫೇಲ್ ಆಗಬಹುದು.

ಭಾಷೆ ಗೊತ್ತಿದ್ದವರಿಗೆ ಒಂದು ತೊಡಕು. ತಂಡದಲ್ಲಿ ‘ನಿಮಗೆ ಹಿಂದಿ ಬರುತ್ತಲ್ಲ, ಸ್ವಲ್ಪ ಬನ್ನಿ’ ಎಂದು ಕರೆಯುತ್ತಾರೆ. ಮೌಲ್ಯಮಾಪನಕ್ಕೆ ಕೌನ್ಸಿಲ್ ಗೊತ್ತುಮಾಡಿದ ದುಭಾಷಿಯೇ ಬೇಕು. ಅತ್ತೆ ಸೊಸೆಗಾಗಿ, ಮಗು ತಾಯಿಗಾಗಿ ಅನುವಾದ ಮಾಡುವಂತಿಲ್ಲ. ಅತ್ತೆಯೇ ಎಲ್ಲ ಉತ್ತರ ಕೊಡುತ್ತಿದ್ದರೆ ಸೊಸೆಯನ್ನು ಬೇರೆ ಕೋಣೆಯಲ್ಲಿ, ಇಲ್ಲವೇ ಬೇರೆ ದಿನ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್‌ನಲ್ಲಿ ಕಾಣಿ. ಕೇಸು ನಮ್ಮ ಕನ್ನಡ ಸಂಘದ ಪರಿಚಯದ ಮನೆಯದಾದರೆ ಫೈಲು ತೆರೆಯುವ ಮುಂಚೆಯೇ ಮ್ಯಾನೇಜರ್‌ಗೆ ಹೇಳಿ. ಸಿಸ್ಟಮ್‌ನಲ್ಲಿ ಯಾರು ಯಾವ ಫೈಲು ತೆರೆದರು ಎಂಬುದು ಉಳಿದಿರುತ್ತದೆ.

ಕೊನೆಯ ಅಂತಿಮ ಮೌಲ್ಯಮಾಪನ ಈ ಪದವಿಯೊಳಗೇ ಸೇರಿದೆ. ಗಂಟೆಗಳು, ಪ್ಲೇಸ್‌ಮೆಂಟ್ ದಿನಗಳು, ಮಾಡ್ಯೂಲ್‌ಗಳು ಮುಗಿದಿವೆ ಎಂದು ಉದ್ಯೋಗದಾತರೂ ವಿಶ್ವವಿದ್ಯಾಲಯವೂ ಒಪ್ಪಿದ ಮೇಲೆ ಅದಕ್ಕೆ ಬಿಡುತ್ತಾರೆ. ಪಾಸಾದರೂ ಸೋಷಿಯಲ್ ವರ್ಕ್ ಇಂಗ್ಲೆಂಡ್‌ನ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಬರುವವರೆಗೆ ಅರ್ಹ ಹುದ್ದೆಗೆ ಸೇರುವಂತಿಲ್ಲ. ಈ ನಡುವಿನ ವಾರಗಳಲ್ಲಿ ಯಾವ ಸಂಬಳ, ಯಾವ ಹುದ್ದೆ ಎಂದು ಎಚ್‌ಆರ್‌ಗೆ ಮೊದಲೇ ಕೇಳಿಡಿ. ಆಮೇಲೆ ಎಎಸ್‌ವೈಇ ಎಂಬ 12 ತಿಂಗಳ ಬೆಂಬಲದ ವರ್ಷ ಶುರುವಾಗುತ್ತದೆ: ಕೇಸುಗಳ ಹೊರೆ ಕಡಿಮೆ, ಸೂಪರ್‌ವಿಷನ್ ಹೆಚ್ಚು. ಎಷ್ಟು ಕಡಿಮೆ ಎನ್ನುವುದನ್ನು ಸಂಖ್ಯೆಯಲ್ಲಿ ಬರೆಸಿಕೊಳ್ಳಿ. ನೋಂದಣಿ ನವೀಕರಣದ ಕೊನೆಯ ದಿನ ಪ್ರತಿ ವರ್ಷ ನವೆಂಬರ್ 30. ಫೀಸಿನ ಜೊತೆಗೆ ಕಲಿಕೆಯ ಎರಡು ಬರಹ ಏರಿಸಬೇಕು, ಅದರಲ್ಲಿ ಒಂದು ಸಹೋದ್ಯೋಗಿಯೊಬ್ಬರ ಜೊತೆ ಚರ್ಚಿಸಿ ಬರೆದದ್ದಾಗಿರಬೇಕು.